ಎರಡು ಲಕ್ಷ ಓಡಿದ ಫೋರ್‌ವೀಲ್ ಜೀಪಿಗೆ ಮಳೆಗಾಲದ ಮುಂಚಿನ ಕೆಲಸ

ಎರಡು ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಗಾಡಿಯ ದೊಡ್ಡ ಸರ್ವಿಸ್ ಮೇ ತಿಂಗಳಲ್ಲೇ ಮುಗಿಯಲಿ. ಮುಂಗಾರು ಬಿದ್ದು ದಾವಣಗೆರೆ ಸುತ್ತಲಿನ ಎರೆಹೊಲಕ್ಕೆ ಇಳಿದ ಮೇಲೆ ಆಯಿಲ್ ತಡೆಯುವ ಸೀಲು ಸೋರುವುದು ಗೊತ್ತಾದರೆ ಏನು ಬಂತು?

ಎಂಜಿನ್ ಆಯಿಲ್ ಯಾರೂ ಮರೆಯುವುದಿಲ್ಲ. ಭೀಮಸಮುದ್ರದ ಕಡೆ ಗಣಿ ಧೂಳಲ್ಲಿ ಓಡುವ ಗಾಡಿಗೆ ಏರ್ ಫಿಲ್ಟರ್ ಮಾತ್ರ ಪುಸ್ತಕದ ಲೆಕ್ಕಕ್ಕಿಂತ ಬೇಗ ಬದಲಿಸಿ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂಬ ದಾಖಲೆ ಇಲ್ಲದಿದ್ದರೆ ಬೆಲ್ಟು, ಅದನ್ನು ಬಿಗಿಯಾಗಿಡುವ ಟೆನ್ಷನರ್ ಒಟ್ಟಿಗೇ ಹಾಕಿಸಿ. ಬಿಚ್ಚುವ ಕೂಲಿ ಒಂದೇ.

ಮರೆತುಹೋಗುವುದು ಗಾಡಿಯ ಹೊಟ್ಟೆ: ಗೇರ್‌ಬಾಕ್ಸ್, ಹಿಂದಿನ-ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಎಡ-ಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಹಿಂದೆ-ಮುಂದೆ ಎರಡು. ಇವುಗಳ ಆಯಿಲ್ ಬದಲಿಸಲು ಹತ್ತು ಕಿಲೋಮೀಟರ್ ಓಡಿಸಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮೊದಲು ಆಯಿಲ್ ತುಂಬುವ ನಟ್ಟು ಬಿಚ್ಚಿ. ಕೆಳಗಿನದು ಬಿಚ್ಚಿ ಆಯಿಲ್ ಸುರಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದೆ ಎಂದರೆ ಗಾಡಿ ಅಲ್ಲೇ ಠಿಕಾಣಿ. ಇಳಿದ ಆಯಿಲ್ ಹಾಲು ಹಾಕಿದ ಚಹಾದಂತಿದ್ದರೆ ನೀರು ಸೇರಿದೆ. ನಟ್ಟಿನ ಮ್ಯಾಗ್ನೆಟ್ಟಿಗೆ ಹಿಡಿದ ಕಪ್ಪು ಹಿಟ್ಟು ಸಹಜ. ಉಗುರಿಗೆ ಸಿಗುವ ಚೂರಿದ್ದರೆ ಒಳಗೆ ಬಿಚ್ಚಿಯೇ ನೋಡಬೇಕು.

ಸೀಲು ಬದಲಿಸುವ ಮುನ್ನ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಊದಿ. ಅದರಲ್ಲಿ ಮಣ್ಣು ಕಟ್ಟಿದರೆ ಬಿಸಿಗೆ ಹಿಗ್ಗಿದ ಗಾಳಿ ಸೀಲಿನ ಸಂದಿಯಲ್ಲೇ ಆಯಿಲ್ ತಳ್ಳುತ್ತದೆ; ಹೊಸ ಸೀಲೂ ಸೋರುತ್ತದೆ, ಬೈಸಿಕೊಳ್ಳುವವನು ಮೆಕ್ಯಾನಿಕ್. ಜಿಎಲ್-4 ದರ್ಜೆಯ ಆಯಿಲ್ ಕೇಳುವ ಗೇರ್‌ಬಾಕ್ಸಿಗೆ ಜಿಎಲ್-5 ಹಾಕಬೇಡಿ, ಅದರ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್ ತಿನ್ನಬಹುದು.

ಚಕ್ರದ ಕಡೆಗೆ ಶಕ್ತಿ ಒಯ್ಯುವ ಶಾಫ್ಟಿನ ಕೀಲು, ಅಂದರೆ ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸಿನ ನಾಲ್ಕೂ ಕಪ್ಪಿನಿಂದ ಹಳೆ ಗ್ರೀಸ್ ಹೊರಬರುವವರೆಗೆ ಗನ್ ಒತ್ತಿ. ಒಂದರಲ್ಲಿ ಬರಲಿಲ್ಲವೇ, ಆ ಕ್ರಾಸ್ ಬದಲಿಸುವ ಪಟ್ಟಿಗೆ ಸೇರಲಿ. ಟೈರು ನಾಲ್ಕೂ ಒಂದೇ ಅಳತೆ, ಹೆಚ್ಚುಕಮ್ಮಿ ಒಂದೇ ಸವೆತ ಇರಬೇಕು.