ಸ್ಮಾರ್ಟ್ ಕೀ ಕುರಿತ ದೂರುಗಳು: ಬಳ್ಳಾರಿಯ ಸರ್ವಿಸ್ ಟೇಬಲ್ಲಿನಲ್ಲಿ ನಾನು ಕಲಿತದ್ದು

ಬಳ್ಳಾರಿಯ ಕಾರ್ ವರ್ಕ್‌ಶಾಪ್ ಒಂದರಲ್ಲಿ ನಾನು ಸರ್ವಿಸ್ ಅಡ್ವೈಸರ್. ಗಾಡಿ ಒಳಗೆ ಬಂದಾಗ ಮಾಲೀಕರ ದೂರನ್ನು ಕೇಳಿ ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುವುದು, ಕೆಲಸ ಮುಗಿದ ಮೇಲೆ ಏನೇನು ಮಾಡಿದೆವೆಂದು ಅವರಿಗೆ ತಿಳಿಯುವಂತೆ ಹೇಳಿ ಗಾಡಿ ಒಪ್ಪಿಸುವುದು ನನ್ನ ಕೆಲಸ. ಪುಷ್ ಬಟನ್ ಸ್ಟಾರ್ಟ್ ದೊಡ್ಡ ಕಾರುಗಳನ್ನು ದಾಟಿ ಸಣ್ಣ ಕಾರುಗಳಿಗೂ ಬಂದ ಮೇಲೆ, ಜೇಬಿನಲ್ಲಿದ್ದಂತೆಯೇ ಬಾಗಿಲು ತೆರೆಯಲು, ಎಂಜಿನ್ ಸ್ಟಾರ್ಟ್ ಮಾಡಲು ನೆರವಾಗುವ ಸ್ಮಾರ್ಟ್ ಕೀ ಕುರಿತ ಮಾತು ನನ್ನ ಟೇಬಲ್ಲಿಗೆ ಬರದ ವಾರವೇ ಇಲ್ಲವೆನ್ನಬಹುದು. ಆ ಮಾತುಗಳನ್ನು ಇಷ್ಟು ಕಾಲ ಕೇಳಿದ ಮೇಲೆ ನನಗೆ ಮನದಟ್ಟಾಗಿರುವ ಸಂಗತಿಯೆಂದರೆ, ಇಂಥ ದೂರುಗಳಲ್ಲಿ ಬಹುಪಾಲು ಕೀಯ ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಸಂಬಂಧಿಸಿದವಲ್ಲ, ಅದರ ವಿನ್ಯಾಸಕ್ಕೆ ಸಂಬಂಧಿಸಿದವು. ಅದು ಎಂಥ ಜೇಬಿನಲ್ಲಿ ಇರುತ್ತದೆ, ಕತ್ತಲಲ್ಲಿ ಬೆರಳಿಗೆ ಹೇಗೆ ಸಿಗುತ್ತದೆ, ಸೆಲ್ ಮುಗಿದ ದಿನ ಏನು ಮಾಡಬೇಕೆಂಬುದು ಅದನ್ನು ನೋಡಿದರೆ ತಿಳಿಯುತ್ತದೆಯೇ ಎಂಬ ಪ್ರಶ್ನೆಗಳೇ ಅವುಗಳ ಮೂಲ. ಇದನ್ನು ವಿಚಾರಿಸದೆ "ಕೀ ಪ್ರಾಬ್ಲಂ" ಎಂದು ಎರಡೇ ಪದ ಬರೆದು ಒಳಗೆ ಕಳಿಸಿದರೆ ಟೆಕ್ನಿಷಿಯನ್ ಸೆಲ್ ಬದಲಿಸಿ ಕೊಡುತ್ತಾನೆ, ಮಾಲೀಕರು ಅದೇ ದೂರು ಹೊತ್ತು ಮತ್ತೆ ಬರುತ್ತಾರೆ.

ಸ್ಮಾರ್ಟ್ ಕೀ ಕೆಲಸ ಮಾಡುವ ಬಗೆಯನ್ನು ನಾನು ಮಾಲೀಕರಿಗೆ ಹೀಗೆ ವಿವರಿಸುತ್ತೇನೆ. ಬಾಗಿಲಿನ ಹಿಡಿಯನ್ನು ಮುಟ್ಟಿದಾಗ ಅಥವಾ ಅದರ ಮೇಲಿನ ಸಣ್ಣ ಬಟನ್ ಒತ್ತಿದಾಗ ಕಾರು ಸುಮಾರು 125 ಕಿಲೋಹರ್ಟ್ಸ್ ಆವರ್ತನದ ಒಂದು ಸಂಕೇತವನ್ನು ಹೊರಡಿಸುತ್ತದೆ. ಅದು ಒಂದೆರಡು ಮೀಟರಿಗಿಂತ ಆಚೆ ತಲುಪುವುದಿಲ್ಲ. ಅಷ್ಟರೊಳಗೆ ಕೀ ಇದ್ದರೆ ಅದು ಎಚ್ಚೆತ್ತು, ಸುಮಾರು 433 ಮೆಗಾಹರ್ಟ್ಸ್‌ನಲ್ಲಿ ತನ್ನ ಗುಪ್ತ ಸಂಕೇತವನ್ನು ಮರಳಿ ಕಳಿಸುತ್ತದೆ, ಕಾರು ಅದನ್ನು ಪರಿಶೀಲಿಸಿ ಬಾಗಿಲು ತೆರೆಯುತ್ತದೆ. ಮರ್ಸಿಡಿಸ್ ಬೆಂಜ್ 1990ರ ದಶಕದ ಕೊನೆಯಲ್ಲಿ ತನ್ನ ಎಸ್-ಕ್ಲಾಸ್ ಕಾರಿಗೆ ಇದನ್ನು ತೆಳ್ಳನೆಯ ಕಾರ್ಡಿನ ರೂಪದಲ್ಲಿ ಕೊಟ್ಟಿತ್ತು. ಕೀಯನ್ನು ಜೇಬಿನಿಂದ ಹೊರಗೆ ತೆಗೆಯಬೇಕಾಗಿಲ್ಲ ಎಂಬುದೇ ಈ ವ್ಯವಸ್ಥೆಯ ದೊಡ್ಡ ಅನುಕೂಲ. ಹಾಗಿದ್ದ ಮೇಲೆ ವಿನ್ಯಾಸ ಮಾಡುವವರು ಮೊದಲು ಯೋಚಿಸಬೇಕಾದದ್ದು ಜೇಬಿನ ಬಗ್ಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಕಡೆಯ ಜೇಬುಗಳನ್ನು ಅವರು ನೋಡಿದಂತಿಲ್ಲ. ಸಿರುಗುಪ್ಪ, ಕುರುಗೋಡು ಭಾಗದ ಭತ್ತದ ರೈತರು ಜುಬ್ಬಾದ ಪಕ್ಕದ ಜೇಬಿನಲ್ಲಿ ಎಲೆ ಅಡಿಕೆಯ ಸಂಚಿ, ಸುಣ್ಣದ ಡಬ್ಬಿ, ಚಿಲ್ಲರೆ, ಮೊಬೈಲು ಎಲ್ಲವನ್ನೂ ಇಟ್ಟುಕೊಂಡಿರುತ್ತಾರೆ. ಸ್ಮಾರ್ಟ್ ಕೀಯೂ ಅದೇ ಜೇಬಿಗೆ ಸೇರುತ್ತದೆ. ಮುಖ ಕಾಣುವಷ್ಟು ಹೊಳೆಯುವ ಕಪ್ಪು ಪ್ಲಾಸ್ಟಿಕ್ಕಿನ ಕೀ ಷೋರೂಮಿನ ಮೇಜಿನ ಮೇಲೆ ಚೆಂದ ಕಾಣುವುದು ನಿಜ, ಆದರೆ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಅದರ ಹೊಳಪು ಬಹಳ ದಿನ ಉಳಿಯುವುದಿಲ್ಲ. "ಗಾಡಿ ಹೊಸದು ತಮ್ಮಾ, ಕೀ ನೋಡಿದ್ರೆ ಹತ್ತು ವರ್ಷದ್ದು ಅನ್ನಿಸ್ತದೆ" ಎಂದು ಹಿರಿಯರೊಬ್ಬರು ಗೀರು ಬಿದ್ದ ಕೀಯನ್ನು ನನ್ನ ಮುಂದೆ ಇಟ್ಟಿದ್ದರು. ಇದು ಬರೀ ಅಂದದ ದೂರೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಮಾಲೀಕರು ತಮ್ಮ ಕಾರಿನಲ್ಲಿ ಸದಾ ಮೈಮೇಲೆ ಇಟ್ಟುಕೊಂಡು ಓಡಾಡುವ ಭಾಗ ಅದೊಂದೇ. ಗೀರು ತಪ್ಪಿಸಲೆಂದು ಅವರು ಸಿಲಿಕೋನ್ ಕವರ್ ಹಾಕಿಸುತ್ತಾರೆ, ಕವರ್ ಬಂದ ಮೇಲೆ ಬಟನ್ ಎಲ್ಲಿದೆ ಎಂಬುದು ಬೆರಳಿಗೆ ತಿಳಿಯುವುದಿಲ್ಲ. ಕೆಲವರು ಲೋಹದ ಕವರ್ ತರುತ್ತಾರೆ, ಅದು ಸಂಕೇತವನ್ನೇ ತಡೆಯುತ್ತದೆ. ಸಂಡೂರಿನ ಗಣಿಗಳಲ್ಲಿ, ತೋರಣಗಲ್ಲಿನ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರ ಕೀಗಳ ಕವರ್ ಬಿಚ್ಚಿದರೆ ಒಳಗೆ ಅದಿರಿನ ಕೆಂಪು ಧೂಳು ಬೆವರಿನೊಡನೆ ಕಲೆತು ಬಟನ್‌ಗಳ ಸುತ್ತ ಗಟ್ಟಿಯಾಗಿ ಕೂತಿರುತ್ತದೆ. ಒತ್ತಿದ ಬಟನ್ ಮೇಲೇಳದಿರುವುದಕ್ಕೆ ಅದೇ ಕಾರಣ. ತುಸು ಒರಟಾದ, ಹೊಳಪಿಲ್ಲದ ಮೈ ಮತ್ತು ಸಂದಿಲ್ಲದ ಒಂದೇ ರಬ್ಬರ್ ಹಾಳೆಯಡಿ ಕೂತ ಬಟನ್‌ಗಳಿರುವ ಕೀಗಳು ಇದೇ ಧೂಳಿನಲ್ಲಿ ವರ್ಷಗಟ್ಟಲೆ ಚೆನ್ನಾಗಿ ಉಳಿದಿರುವುದನ್ನು ನಾನು ನೋಡಿದ್ದೇನೆ.

ಬಟನ್‌ಗಳ ಜಾಗ ಇನ್ನೊಂದು ದೊಡ್ಡ ವಿಷಯ. ಲಾಕ್, ಅನ್‌ಲಾಕ್, ಡಿಕ್ಕಿ ಮೂರೂ ಒಂದೇ ಅಳತೆಯಲ್ಲಿ, ಒಂದೇ ನುಣುಪಿನಲ್ಲಿ ಇದ್ದರೆ ರಾತ್ರಿ ಹೊತ್ತು ಯಾವುದು ಯಾವುದೆಂದು ತಿಳಿಯಲು ಮೊಬೈಲ್ ಟಾರ್ಚ್ ಹಚ್ಚಬೇಕಾಗುತ್ತದೆ. ಜೀನ್ಸ್ ಹೊಲಿಗೆ ಘಟಕ ನಡೆಸುವ ಒಬ್ಬ ಮಾಲೀಕರು "ರಾತ್ರಿ ಕಿಟಕಿ ತಾವೇ ಇಳೀತಾವ್ರೀ, ವೈರಿಂಗ್ ಪೂರ್ತಿ ನೋಡ್ರಿ" ಎಂದು ಗಾಡಿ ಬಿಟ್ಟರು. ವೈರಿಂಗ್ ಮುಟ್ಟುವ ಮೊದಲು ನಾನು ಕೀ ಎಲ್ಲಿ ಇಡುತ್ತೀರಿ ಎಂದು ಕೇಳಿದೆ. ಬಿಗಿಯಾದ ಪ್ಯಾಂಟಿನ ಮುಂದಿನ ಜೇಬಿನಲ್ಲಿ ಎಂದರು. ಅವರ ಕೀಯಲ್ಲಿ ಬಟನ್‌ಗಳು ಅಂಚಿನಲ್ಲಿದ್ದವು. ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಾಗ ಅನ್‌ಲಾಕ್ ಬಟನ್ ಹಲವು ಸೆಕೆಂಡುಗಳ ಕಾಲ ಅದುಮಿಕೊಂಡಿರುತ್ತಿತ್ತು. ಹಾಗೆ ಒತ್ತಿ ಹಿಡಿದರೆ ನಾಲ್ಕೂ ಕಿಟಕಿ ಇಳಿಯುವ ಸೌಲಭ್ಯ ಕೆಲವು ಕಾರುಗಳಲ್ಲಿದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ಹತ್ತುವ ಮೊದಲೇ ಕಾರಿನ ಬಿಸಿ ಗಾಳಿಯನ್ನು ಹೊರಹಾಕಲು ಅದು ನಿಜಕ್ಕೂ ಉಪಯುಕ್ತವಾದ ಸೌಲಭ್ಯವೇ. ಆದರೆ ಆ ಬಟನ್ ತುಸು ತಗ್ಗಿನಲ್ಲಿ ಇರಬೇಕಿತ್ತು. ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿಕೊಟ್ಟೆವು, ಕಿಟಕಿಯ ದೂರು ಅಲ್ಲಿಗೆ ಮುಗಿಯಿತು.

ಕೀಗಿಂತ ಹೆಚ್ಚಾಗಿ ಕಾರಿನ ಎಚ್ಚರಿಕೆಯ ವಿನ್ಯಾಸ ಸೋತ ಒಂದು ಪ್ರಸಂಗವನ್ನು ನಾನು ಹೊಸದಾಗಿ ಸೇರುವ ಪ್ರತಿಯೊಬ್ಬ ಹುಡುಗನಿಗೂ ಹೇಳುತ್ತೇನೆ. ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಹಂಪಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗಲು ರಾತ್ರಿ ಬಳ್ಳಾರಿ ಸ್ಟೇಷನ್ನಿಗೆ ಬಂದರು. ಡ್ರೈವರ್ ಎಂಜಿನ್ ಆಫ್ ಮಾಡದೆಯೇ ಅವರನ್ನು ಇಳಿಸಿ ಊರಿನ ದಾರಿ ಹಿಡಿದ. ಕೀ ಮಾಲೀಕರ ಅಂಗಿಯ ಜೇಬಿನಲ್ಲೇ ಉಳಿಯಿತು. ಓಡುತ್ತಿರುವ ಕಾರಿನಿಂದ ಕೀ ದೂರವಾದರೂ ಎಂಜಿನ್ ನಿಲ್ಲುವುದಿಲ್ಲ, ನಿಲ್ಲಲೂಬಾರದು. ರಸ್ತೆಯ ಮಧ್ಯೆ ಎಂಜಿನ್ ಏಕಾಏಕಿ ನಿಂತರೆ ಸ್ಟೇರಿಂಗ್ ಮತ್ತು ಬ್ರೇಕಿಗೆ ಸಿಗುವ ನೆರವು ತಪ್ಪಿ ಅಪಾಯವಾಗುತ್ತದೆ. ಕಾರು ಎಚ್ಚರಿಸಿ ಸುಮ್ಮನಾಗುತ್ತದೆ ಅಷ್ಟೇ. ತೆಕ್ಕಲಕೋಟೆಯಲ್ಲಿ ಚಹಾಕ್ಕೆಂದು ನಿಲ್ಲಿಸಿ ಎಂಜಿನ್ ಆಫ್ ಮಾಡಿದ ಡ್ರೈವರಿಗೆ ಮತ್ತೆ ಅದನ್ನು ಸ್ಟಾರ್ಟ್ ಮಾಡಲಾಗಲಿಲ್ಲ. ನನಗೆ ಫೋನ್ ಮಾಡಿ "ಏನೋ ಪೀಂ ಪೀಂ ಅಂತಿತ್ತಣ್ಣ, ಯಜಮಾನ್ರು ಬಾಗಿಲು ಸರಿ ಹಾಕಿಲ್ಲ ಅನ್ಕೊಂಡೆ" ಎಂದ. ಬಾಗಿಲಿಗೂ ಬೆಲ್ಟಿಗೂ ಕೀಗೂ ಒಂದೇ ಬಗೆಯ ಸದ್ದು, ಮೀಟರಿನಲ್ಲಿ ಇಂಗ್ಲಿಷಿನ ಒಂದು ಸಾಲು. ಆ ಸಾಲನ್ನು ಓದಲು ಬಾರದ ಮನುಷ್ಯ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಕೊನೆಗೆ ಸಿರುಗುಪ್ಪದ ಮನೆಯ ಬೀರುವಿನಲ್ಲಿದ್ದ ಎರಡನೆಯ ಕೀಯನ್ನು ಅವರ ಅಳಿಯ ಬೈಕಿನಲ್ಲಿ ತಂದುಕೊಟ್ಟರು. ಡ್ರೈವರ್ ಇಟ್ಟುಕೊಂಡ ಮನೆಗಳು ನಮ್ಮ ಭಾಗದಲ್ಲಿ ಬಹಳ. ಕಾರು ಓಡಿಸುವವನೇ ಅದರ ಮಾಲೀಕ ಎಂದು ಎಣಿಸಿ ಮಾಡಿದ ವಿನ್ಯಾಸ ಅಂಥ ಮನೆಗಳಲ್ಲಿ ಎಡವುತ್ತದೆ. ಕೀ ಹೊರಗೆ ಹೋಯಿತೆಂಬ ಎಚ್ಚರಿಕೆಗೆ ಬೇರೆಯದೇ ಸದ್ದು, ಬೇಕಾದರೆ ಕನ್ನಡದಲ್ಲಿ ಒಂದು ಮಾತು, ಇವು ಬಂದರೆ ಎಷ್ಟೋ ಜನ ರಾತ್ರಿ ರಸ್ತೆಯಲ್ಲಿ ನಿಲ್ಲುವುದು ತಪ್ಪುತ್ತದೆ.

ಇನ್ನು ಸೆಲ್. ಬಹಳಷ್ಟು ಕೀಗಳಲ್ಲಿ ಇರುವುದು ಸಿಆರ್ 2032 ಎಂಬ 3 ವೋಲ್ಟಿನ ಲಿಥಿಯಂ ಸೆಲ್. ಆ ಅಂಕಿಗಳ ಅರ್ಥ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂದು. ಅದನ್ನು ಬದಲಿಸುವ ಕೆಲಸ ಸಣ್ಣದಾದರೂ ಎಚ್ಚರ ಬೇಡುತ್ತದೆ. ಬದಿಯ ಸಣ್ಣ ಚಿಲಕವನ್ನು ಒತ್ತಿ ಒಳಗಿನ ಲೋಹದ ಕೀಲಿಕೈಯನ್ನು ಎಳೆದುಕೊಂಡು, ಅದು ಇದ್ದ ಸಂದಿಗೆ ಬಟ್ಟೆ ಸುತ್ತಿದ ಸ್ಕ್ರೂಡ್ರೈವರಿನ ತುದಿ ಇಟ್ಟು ತಿರುಗಿಸಿದರೆ ಮೈ ಎರಡಾಗುತ್ತದೆ. ಹೊಸ ಸೆಲ್ಲಿನ ಎರಡೂ ಮುಖಗಳಿಗೆ ಬೆವರಿನ ಕೈ ತಾಗಿಸದೆ ಅಂಚು ಹಿಡಿದು ಕೂರಿಸಬೇಕು. ಮಲ್ಟಿಮೀಟರಿನಲ್ಲಿ 2.9 ವೋಲ್ಟ್ ತೋರಿಸಿತೆಂದು ಹಳೆಯ ಸೆಲ್ಲನ್ನು ಹಾಗೆಯೇ ಬಿಡಬಾರದು. ಕೆಲಸವಿಲ್ಲದೆ ಸುಮ್ಮನಿರುವಾಗ ಚೆನ್ನಾಗಿ ತೋರಿಸುವ ಸೆಲ್ ಸಂಕೇತ ಕಳಿಸುವ ಕ್ಷಣದಲ್ಲಿ ಕುಸಿಯುವುದುಂಟು. ತೆಗೆದ ಸೆಲ್ಲನ್ನು ನಾನು ಮಾಲೀಕರ ಕೈಗೆ ಕೊಡುವುದಿಲ್ಲ. ಸಣ್ಣ ಮಕ್ಕಳು ಅದನ್ನು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯೊಳಗೆ ತೀವ್ರವಾಗಿ ಸುಡಬಲ್ಲದು. ಕೈಜಾರಿ ಬಿದ್ದರೆ ಬಾಯಿಬಿಟ್ಟು ಸೆಲ್ಲನ್ನು ಹೊರಗೆ ಉರುಳಿಸುವ ಕೀಗಳ ಬಗ್ಗೆ ತಾಯಂದಿರು ಸಿಟ್ಟಾಗುವುದರಲ್ಲಿ ಪೂರ್ಣ ನ್ಯಾಯವಿದೆ.

ಸೆಲ್ ಮುಗಿದಾಗ ಬಾಗಿಲು ತೆರೆಯಲು ಒಳಗಿನ ಕೀಲಿಕೈ ಇದೆ, ಎಂಜಿನ್ ಸ್ಟಾರ್ಟ್ ಮಾಡಲು ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿಯುವ ದಾರಿ ಇದೆ. ಕೀಯನ್ನು ಕಾರಿಗೆ ಗುರುತಿಸಿಕೊಡುವ, ಕೀಯೊಳಗಿನ ಟ್ರಾನ್ಸ್‌ಪಾಂಡರ್ ಚಿಪ್ಪಿಗೆ ಸೆಲ್ ಬೇಕಾಗಿಲ್ಲ, ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಕಾರಿನ ತಂತಿ ಸುರುಳಿಯಿಂದಲೇ ಅದು ಶಕ್ತಿ ಪಡೆಯುತ್ತದೆ. ಕೆಲವು ಕಾರುಗಳಲ್ಲಿ ಆ ಜಾಗ ಬಟನ್ನಿನಲ್ಲಿಲ್ಲ, ಗೇರಿನ ಹಿಂದಿನ ಡಬ್ಬಿಯಲ್ಲೋ ಸ್ಟೇರಿಂಗ್ ಕೆಳಗೋ ಇರುತ್ತದೆ. ಇಷ್ಟು ಒಳ್ಳೆಯ ವ್ಯವಸ್ಥೆಯನ್ನು ಮಾಡಿದವರು ಅದನ್ನು ಕಣ್ಣಿಗೆ ಕಾಣದಂತೆ ಬಚ್ಚಿಟ್ಟಿದ್ದಾರೆ ಎಂಬುದು ನನ್ನ ಮುಖ್ಯ ಆಕ್ಷೇಪ. ಕೀಲಿಕೈಯ ರಂಧ್ರವನ್ನು ಬಾಗಿಲ ಹಿಡಿಯ ಮುಚ್ಚಳದಡಿ ಅಡಗಿಸಿದ ಕಾರುಗಳಿವೆ. ಹುಲಿಗಿಯಲ್ಲಿ ಅಮ್ಮನ ದರ್ಶನಕ್ಕೆ ಮೊದಲು ತುಂಗಭದ್ರೆಯಲ್ಲಿ ಮುಳುಗಿ ಎದ್ದ ಕುಟುಂಬವೊಂದು, ಒದ್ದೆ ಕೀ ಕೈಯಲ್ಲಿ ಹಿಡಿದು ಬಿಸಿಲಿನಲ್ಲಿ ಕಾರಿನ ಸುತ್ತ ನಿಂತು ನನಗೆ ಫೋನ್ ಮಾಡಿತು. ಬಾಗಿಲ ಹಿಡಿಯ ಮೂಲೆಯ ಮುಚ್ಚಳವನ್ನು ಹೇಗೆ ಎಬ್ಬಿಸಬೇಕೆಂದು ನಾನು ಹೇಳುವವರೆಗೆ, ತಮ್ಮ ಬಾಗಿಲಿಗೆ ರಂಧ್ರವೊಂದಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಒಳಗೆ ಹೋಗಿ ಕೀಯನ್ನು ಬಟನ್ನಿಗೆ ಒತ್ತಿ ಹಿಡಿದ ಮೇಲೆ ಗಾಡಿ ಸ್ಟಾರ್ಟ್ ಆಯಿತು.

ಕಳ್ಳತನದ ಭಯವನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಮನೆಯೊಳಗಿನ ಕೀಯ ಸಂಕೇತವನ್ನು ಉಪಕರಣಗಳ ಮೂಲಕ ಕಾರಿನವರೆಗೆ ದಾಟಿಸಿ ಬಾಗಿಲು ತೆರೆಯಬಹುದು ಎಂಬುದನ್ನು ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಶೋಧಕರು 2011ರಲ್ಲಿ 8 ಕಂಪನಿಗಳ 10 ಮಾದರಿಯ ಕಾರುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಹೀಗಾಗಿ ಕೀಯನ್ನು ಮುಂಬಾಗಿಲ ಪಕ್ಕದ ಮೊಳೆಗೆ ನೇತುಹಾಕಬೇಡಿ, ಒಳಕೋಣೆಯಲ್ಲಿ ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ ಇಡಿ ಎನ್ನುತ್ತೇನೆ. ಅಲುಗಾಡದೆ ಬಿದ್ದಿದ್ದರೆ ತಾನಾಗಿ ನಿದ್ರೆಗೆ ಹೋಗುವ ಕೀಗಳು ಈಗ ಬಂದಿವೆ. ಟೊಯೋಟಾದ ಹಲವು ಕೀಗಳಲ್ಲಿ ಲಾಕ್ ಬಟನ್ ಒತ್ತಿ ಹಿಡಿದುಕೊಂಡು ಅನ್‌ಲಾಕ್ ಬಟನ್ನನ್ನು ಎರಡು ಸಲ ಒತ್ತಿದರೆ ಕೀ ಸಂಕೇತಕ್ಕೆ ಉತ್ತರ ಕೊಡುವುದನ್ನು ನಿಲ್ಲಿಸುತ್ತದೆ, ಸೆಲ್ಲೂ ಉಳಿಯುತ್ತದೆ. ಇಂಥ ಸೌಲಭ್ಯ ಎಲ್ಲ ಕೀಗಳಲ್ಲೂ ಇರಬೇಕು, ಅದೂ ಒಂದು ಸ್ಪಷ್ಟವಾದ ಗುಂಡಿಯ ರೂಪದಲ್ಲಿ.

ಗಾತ್ರದ ವಿಷಯದಲ್ಲಿ ಮಾತ್ರ ಮಾಲೀಕರೊಳಗೇ ಒಮ್ಮತವಿಲ್ಲ. ಅಂಗಿಯ ಜೇಬಿನವರು ತೆಳ್ಳಗಿರಲಿ ಎನ್ನುತ್ತಾರೆ, ವ್ಯಾನಿಟಿ ಬ್ಯಾಗಿನವರು ಕೈ ಹಾಕಿದ ಕೂಡಲೇ ಸಿಗುವಷ್ಟು ದಪ್ಪವಿರಲಿ ಎನ್ನುತ್ತಾರೆ. ಎರಡೂ ಸರಿ.

ಇವೆಲ್ಲ ಕೇಳುತ್ತಾ ಜಾಬ್ ಕಾರ್ಡ್ ಬರೆಯುವ ರೀತಿಯನ್ನು ನಾವು ಬದಲಿಸಿಕೊಂಡಿದ್ದೇವೆ. ಕೀಗೆ ಸಂಬಂಧಿಸಿದ ದೂರನ್ನು ಮಾಲೀಕರ ಮಾತಿನಲ್ಲೇ ಬರೆಯುತ್ತೇವೆ. ಜೊತೆಗೆ ಕೀ ಎಲ್ಲಿರುತ್ತದೆ, ಪಕ್ಕದಲ್ಲಿ ಮೊಬೈಲ್ ಇರುತ್ತದೆಯೇ, ಕವರ್ ಯಾವುದು, ಗಾಡಿ ಓಡಿಸುವವರು ಯಾರು ಎಂದು ಕೇಳಿ ಬರೆಯುತ್ತೇವೆ. ಗಾಡಿ ಒಪ್ಪಿಸುವಾಗ ಸೆಲ್ ಇಲ್ಲದ ಕೀಯಿಂದ ಬಾಗಿಲು ತೆರೆದು ಸ್ಟಾರ್ಟ್ ಮಾಡುವುದನ್ನು ನಾನು ಮಾಡಿ ತೋರಿಸುವುದಿಲ್ಲ, ಅವರ ಕೈಯಿಂದಲೇ ಮಾಡಿಸುತ್ತೇನೆ. ಮನೆಯ ಹೆಣ್ಣುಮಕ್ಕಳು ಮತ್ತು ಡ್ರೈವರ್ ಬಂದಿದ್ದರೆ ಅವರ ಕೈಯಿಂದಲೂ ಮಾಡಿಸುತ್ತೇನೆ.

ಎರಡನೆಯ ಕೀಯ ಬಗ್ಗೆ ಇನ್ನಷ್ಟು ಗಮನ ಬೇಕು. ಕಾರು ಕಳುವಾದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಕೀಗಳನ್ನು ಒಪ್ಪಿಸುವಂತೆ ಕೇಳುತ್ತವೆ, ಒಂದು ಕಳೆದಿದ್ದರೆ ಕ್ಲೇಮಿಗೆ ತೊಡಕಾಗುತ್ತದೆ. ಹೊಸ ಕೀ ಮಾಡಿಸಿ ಕಾರಿಗೆ ಹೊಂದಿಸಲು ಸಾವಿರಗಟ್ಟಲೆ ರೂಪಾಯಿ ಬೀಳುತ್ತದೆ. ಬೀರುವಿನಲ್ಲಿ ಬಳಸದೆ ಬಿದ್ದಿರುವ ಕೀಯ ಸೆಲ್ಲೂ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ, ಏಕೆಂದರೆ ಕಾರಿನ ಸಂಕೇತ ಬಂದೀತೆಂದು ಅದು ಸದಾ ಕಾಯುತ್ತಿರುತ್ತದೆ. ವರ್ಷದ ಸರ್ವಿಸಿಗೆ ನೆನಪಿಸಲು ಫೋನ್ ಮಾಡುವಾಗ "ಎರಡೂ ಕೀ ತನ್ನಿ ಸರ್" ಎಂದು ಈಗ ನಾನು ತಪ್ಪದೆ ಹೇಳುತ್ತೇನೆ, ಎರಡರ ಸೆಲ್ಲನ್ನೂ ಒಂದೇ ದಿನ ಬದಲಿಸಿ ಆ ದಿನಾಂಕವನ್ನು ಜಾಬ್ ಕಾರ್ಡಿನಲ್ಲಿ ನಮೂದಿಸುತ್ತೇನೆ.