ಮಾರ್ಕಸ್ ಕುದುರೆ, ಎಲಿವುಡ್ ಸವಾರಿ: ನನ್ನ ಫೈರ್ ಎಂಬ್ಲೆಮ್ ಸ್ಪೀಡ್‌ರನ್ ದಿನಚರಿ

ಮೊದಲ ಭಾನುವಾರ: 41 ನಿಮಿಷ 10 ಸೆಕೆಂಡ್, 38 ಟರ್ನ್

ಇವತ್ತಿನಿಂದ ಬರೆದಿಡೋಣ ಅಂತ ಕೂತಿದ್ದೇನೆ. ಆಡುತ್ತಿರುವುದು ಗೇಮ್ ಬಾಯ್ ಅಡ್ವಾನ್ಸ್‌ನ ಫೈರ್ ಎಂಬ್ಲೆಮ್. 2003ರ ಆಟ, ಮಾಡಿದ್ದು ಇಂಟೆಲಿಜೆಂಟ್ ಸಿಸ್ಟಮ್ಸ್. ಜಪಾನಿನಲ್ಲಿ ಆ ಸರಣಿಯ ಏಳನೇ ಆಟ ಅದು. ಜಪಾನ್ ಬಿಟ್ಟು ಹೊರಗೆ ಬಂದ ಮೊದಲ ಫೈರ್ ಎಂಬ್ಲೆಮ್ ಕೂಡ ಅದೇ. ನನ್ನ ದೊಡ್ಡಪ್ಪನ ಮಗ ಸಿಂಗಪುರದಿಂದ ಬರುವಾಗ ಹಳೆಯ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಯಂತ್ರ ಮತ್ತು ಈ ಕಾರ್ಟ್ರಿಜ್ ತಂದುಕೊಟ್ಟ. ಎರಡು ಸಲ ನಿಧಾನವಾಗಿ ಆಡಿ ಮುಗಿಸಿದ್ದೇನೆ. ಈಗ ಆದಷ್ಟು ಬೇಗ ಆಡಿ ಮುಗಿಸಬೇಕು ಅನ್ನಿಸಿದೆ, ಸ್ಪೀಡ್‌ರನ್ ಅನ್ನುವುದು ಇದಕ್ಕೇ.

ಇಡೀ ಆಟ ಓಡಿಸಲು ನನಗೆ ಪುರುಸೊತ್ತಿಲ್ಲ. ಅದಕ್ಕೆ ಎಲಿವುಡ್ ಅನ್ನುವ ನಾಯಕನ ಕಥೆಯ ಮೂರೇ ಅಧ್ಯಾಯ ಆರಿಸಿಕೊಂಡಿದ್ದೇನೆ: 11, 12, 13. ಮೊದಲ ಹತ್ತು ಅಧ್ಯಾಯ ಲಿನ್ ಅನ್ನುವ ಹುಡುಗಿಯದು. ಅದನ್ನು ಒಮ್ಮೆ ಮುಗಿಸಿದ ಕಾರ್ಟ್ರಿಜ್‌ನಲ್ಲಿ ನೇರವಾಗಿ 11ರಿಂದ ಶುರು ಮಾಡಬಹುದು. ಮೊಬೈಲಿನ ಸ್ಟಾಪ್‌ವಾಚ್ ಹಾಕಿಕೊಂಡು ನನಗೆ ಬರುವ ಹಾಗೆ ಆಡಿದೆ. 41 ನಿಮಿಷ ಆಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೌಕಾಬಾರದ ಹಾಗೆ ಮನೆ ಎಣಿಸಿ ಕಾಯಿ ನಡೆಸುವುದು. ನಮ್ಮ ಸರದಿ ಮುಗಿದ ಮೇಲೆ ಶತ್ರುಗಳ ಸರದಿ. ಎರಡೂ ಸೇರಿದರೆ ಒಂದು ಟರ್ನ್. ಸತ್ತ ಕಾಯಿ ಮತ್ತೆ ಯುದ್ಧಕ್ಕೆ ಬರುವುದಿಲ್ಲ. ನಾಯಕ ಸತ್ತರೆ ಆಟವೇ ಮುಗಿಯಿತು.

ಬುಧವಾರ ರಾತ್ರಿ: 33 ನಿಮಿಷ 25 ಸೆಕೆಂಡ್

ಯುದ್ಧದಲ್ಲಿ ಏನೂ ಬದಲಿಸಿಲ್ಲ. ಆಪ್ಷನ್ಸ್ ಪುಟ ಮಾತ್ರ ಬದಲಿಸಿದೆ. ಹೊಡೆದಾಟದ ಅನಿಮೇಷನ್ ಆಫ್, ಅಕ್ಷರದ ವೇಗ ಮ್ಯಾಕ್ಸ್, ಆಟದ ವೇಗ ಫಾಸ್ಟ್. ಎಲ್ಲರೂ ನಡೆದ ಮೇಲೆ ಸರದಿ ತಾನಾಗಿ ಮುಗಿಯುವ ಹಾಗೆ ಇಟ್ಟೆ. ಮಾತುಕತೆ ಬಂದಾಗ ಸ್ಟಾರ್ಟ್ ಒತ್ತಿದರೆ ಇಡೀ ದೃಶ್ಯ ಹಾರಿಹೋಗುತ್ತದೆ. ಅಷ್ಟಕ್ಕೇ ಎಂಟು ನಿಮಿಷ ಉಳಿಯಿತು!

ಬೆರಳಿಗೆ ಕಲಿಸಬೇಕಾದದ್ದು ಇನ್ನೂ ಇದೆ. ಎಲ್ ಬಟನ್ ಒತ್ತಿದರೆ ಕರ್ಸರ್ ಇನ್ನೂ ನಡೆಯದ ಕಾಯಿಗೆ ಹಾರುತ್ತದೆ. ಬಿ ಹಿಡಿದುಕೊಂಡರೆ ಕರ್ಸರ್ ಜೋರಾಗಿ ಓಡುತ್ತದೆ. ಎಲ್ಲರನ್ನೂ ನಡೆಸದೆ ಸರದಿ ಮುಗಿಸಬೇಕಾದರೆ ಮೆನು ತೆರೆದು ಒಂದು ಸಲ ಮೇಲಕ್ಕೆ ಒತ್ತಿದರೆ ಸಾಕು, ಕೊನೆಯ ಸಾಲಿಗೆ ಹೋಗುತ್ತದೆ. ಇಷ್ಟು ದಿನ ಕೆಳಕ್ಕೆ ನಾಲ್ಕು ಸಲ ಒತ್ತುತ್ತಿದ್ದೆ.

ಎರಡನೇ ಭಾನುವಾರ: ಆಡಲಿಲ್ಲ, ಕೋಟೆಗೆ ಹೋಗಿದ್ದೆವು

ಅಕ್ಕನ ಮಗ ರಜೆಗೆ ಬಂದಿದ್ದಾನೆ. ಏಳನೇ ತರಗತಿ. ನಿನ್ನೆ ರಾತ್ರಿ ನನ್ನ ಪಕ್ಕ ಕೂತು 11ನೇ ಅಧ್ಯಾಯ ಪೂರ್ತಿ ನೋಡಿದ. ನಾನು ಯಾವತ್ತಿನಂತೆ ಇಕ್ಕಟ್ಟಾದ ಜಾಗ ಹುಡುಕಿ, ಬಲವಾದವರನ್ನು ಬಾಯಿಗೆ ನಿಲ್ಲಿಸಿ, ದುರ್ಬಲರನ್ನು ಹಿಂದೆ ಇಟ್ಟು ಕಾಯುತ್ತಿದ್ದೆ. ಅವನು ಸ್ವಲ್ಪ ಹೊತ್ತು ನೋಡಿ ಕೇಳಿದ: "ಮಾವ, ಬೇಗ ಮುಗಿಸ್ಬೇಕು ಅಂತೀಯ. ಮತ್ಯಾಕೆ ಸುಮ್ನೆ ಕಾಯ್ಕೊಂಡು ಕೂತಿದ್ದೀಯ?"

ಇವತ್ತು ಬೆಳಿಗ್ಗೆ ಕೋಟೆಯಲ್ಲಿ ಓಬವ್ವನ ಕಿಂಡಿಯ ಮುಂದೆ ನಿಂತಾಗ ಆ ಮಾತು ಮತ್ತೆ ನೆನಪಾಯಿತು. ಚಿತ್ರದುರ್ಗದಲ್ಲಿ ಬೆಳೆದ ಯಾರಿಗೇ ಆಗಲಿ, ಯುದ್ಧ ಅಂದರೆ ಮೊದಲು ಕಣ್ಣಿಗೆ ಬರುವುದು ಈ ಕಿಂಡಿಯೇ. ಒಂದು ಸಲಕ್ಕೆ ಒಬ್ಬನೇ ನುಸುಳಬಹುದಾದ ಜಾಗ. ಹೊರಗೆ ಹೈದರಾಲಿಯ ಸೈನ್ಯ, ಒಳಗೆ ಒನಕೆ ಹಿಡಿದ ಒಬ್ಬಳು. ಚಿಕ್ಕಂದಿನಿಂದ ಕೇಳಿದ ಕಥೆ ಅಲ್ವಾ, ನನ್ನ ಕೈಯೂ ಹಾಗೇ ಆಡುತ್ತದೆ. ಆದರೆ ಓಬವ್ವ ಶತ್ರುವನ್ನು ತಡೆಯಬೇಕಿತ್ತು. ನಾನು ತಡೆಯಬೇಕಾಗಿಲ್ಲ, ತಲುಪಬೇಕು. ಕಿಂಡಿ ಹುಡುಕಿಕೊಂಡು ನಿಲ್ಲುವ ಒಂದೊಂದು ಟರ್ನೂ ನನಗೆ ನಷ್ಟ. ಎರಡು ವರ್ಷದ ಅಭ್ಯಾಸ ಬಿಡಬೇಕು. ಸುಲಭ ಅಲ್ಲ.

ಇಳಿದು ಬರುವಾಗ ಅವನು ಏಳು ಸುತ್ತನ್ನೂ ಎಣಿಸಬೇಕು ಅಂತ ಹಟ ಹಿಡಿದ. ಬಿಸಿಲು ಜಾಸ್ತಿ ಇತ್ತು. ಮೂರಕ್ಕೆ ಬಿಟ್ಟೆವು.

ಮೂರನೇ ವಾರ: 21 ನಿಮಿಷ 40 ಸೆಕೆಂಡ್, 24 ಟರ್ನ್

ಈ ವಾರ ಎಲ್ಲಾ ಮಾರ್ಕಸ್‌ನದ್ದೇ. ಎಲಿವುಡ್ ಜೊತೆ ಶುರುವಿನಲ್ಲೇ ಐದು ಜನ ಬರುತ್ತಾರೆ: ಮಾರ್ಕಸ್, ಲೋವೆನ್, ರೆಬೆಕ್ಕಾ, ಡಾರ್ಕಸ್, ಬಾರ್ಟ್ರೆ. ಇವರಲ್ಲಿ ಮಾರ್ಕಸ್ ಒಬ್ಬನೇ ಆಗಲೇ ಬಡ್ತಿ ಪಡೆದ ಪ್ಯಾಲಡಿನ್, ಅಂದರೆ ಹಿರಿಯ ಕುದುರೆ ಸವಾರ. ಕುದುರೆ ಮೇಲೆ ಎಂಟು ಮನೆ ಹೋಗುತ್ತಾನೆ. ಎಲಿವುಡ್ ಐದೇ ಮನೆ. ಕೈಯಲ್ಲಿ ಬೆಳ್ಳಿಯ ಈಟಿ ಬೇರೆ.

ನಿಧಾನವಾಗಿ ಆಡುವವರು ಮಾರ್ಕಸ್‌ನನ್ನು ಮುಂದೆ ಬಿಡುವುದಿಲ್ಲ. ಅವನು ಕೊಂದರೆ ಅನುಭವದ ಅಂಕ ಕಡಿಮೆ ಬರುತ್ತದೆ, ಚಿಕ್ಕವರು ಬೆಳೆಯುವುದಿಲ್ಲ. ನಾನೂ ಹಾಗೇ ಆಡಿದ್ದೆ. ಅವನ ಈಟಿ ಕಿತ್ತು ಚೀಲದಲ್ಲಿ ಇಟ್ಟು, ಬರೀ ಗುರಾಣಿಯ ಹಾಗೆ ನಿಲ್ಲಿಸುತ್ತಿದ್ದೆ. ಓಡುವವನಿಗೆ ಆ ಲೆಕ್ಕವೇ ಬೇರೆ. ಮೂರು ಅಧ್ಯಾಯಕ್ಕೆ ಯಾರೂ ಬೆಳೆಯಬೇಕಾಗಿಲ್ಲ. ಇಡೀ ಆಟ ಓಡಿಸುವವರೂ ಎಲ್ಲರನ್ನೂ ಬೆಳೆಸುವುದಿಲ್ಲ, ನಾಲ್ಕೈದು ಜನರನ್ನು ಮಾತ್ರ ನಂಬುತ್ತಾರೆ.

ಮುಖ್ಯವಾದದ್ದು ಶತ್ರುವಿನ ಸರದಿ. ನನ್ನ ಸರದಿಯಲ್ಲಿ ಒಬ್ಬನನ್ನು ಹೊಡೆಯಬೇಕಾದರೆ ಕರ್ಸರ್ ಒಯ್ಯಬೇಕು, ಜಾಗ ಆರಿಸಬೇಕು, ಆಯುಧ ಆರಿಸಬೇಕು. ಅಷ್ಟು ಮಾಡಿದರೂ ಬೀಳುವುದು ಒಬ್ಬ. ಅದೇ ಮಾರ್ಕಸ್ ಕೈಗೆ ಎಸೆಯುವ ಈಟಿ ಕೊಟ್ಟು ಮುಂದೆ ನಿಲ್ಲಿಸಿದರೆ, ಶತ್ರುಗಳೇ ನಡೆದು ಬಂದು ಹೊಡೆಯುತ್ತಾರೆ. ಅವನು ಪ್ರತಿಯೊಬ್ಬನಿಗೂ ತಿರುಗಿ ಕೊಡುತ್ತಾನೆ. ಎಸೆಯುವ ಈಟಿ ಒಂದು ಮನೆಗೂ ನಡೆಯುತ್ತದೆ, ಎರಡು ಮನೆಗೂ ನಡೆಯುತ್ತದೆ. ಅದರಿಂದ ಬಿಲ್ಲಿನವನಿಗೂ ಉತ್ತರ ಸಿಗುತ್ತದೆ. ನನ್ನ ಬೆರಳು ಒಂದೂ ಒತ್ತದೆ ಮೂರು ಜನಕ್ಕೆ ಗಾಯವಾಗಿರುತ್ತದೆ. ಎಸೆಯುವ ಕೊಡಲಿಗೂ ಇದೇ ಗುಣ.

ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಕಷ್ಟ. ತೀರಾ ಮುಂದೆ ಹೋದರೆ ಐದು ಜನ ಮುತ್ತುತ್ತಾರೆ. ಹಿಂದೆ ನಿಂತರೆ ಒಬ್ಬನೇ ಬರುತ್ತಾನೆ, ಉಳಿದವರು ದೂರದಲ್ಲೇ ಉಳಿಯುತ್ತಾರೆ, ಇನ್ನೊಂದು ಟರ್ನ್ ಹೋಯಿತು. ಮೂರು ಜನ ಮುಟ್ಟುವ ಮನೆಯೇ ಸರಿ. ಕಾಡಿನ ಮನೆ ಸಿಕ್ಕರೆ ಇನ್ನೂ ಒಳ್ಳೆಯದು, ಏಟು ತಪ್ಪುವುದು ಜಾಸ್ತಿ. ಶಾಲೆಯ ಗ್ರಾಫ್ ಹಾಳೆಯಲ್ಲಿ ಮೂರೂ ಮ್ಯಾಪ್ ಬರೆದುಕೊಂಡು ಮಾರ್ಕಸ್ ನಿಲ್ಲುವ ಮನೆಗಳಿಗೆ ಕೆಂಪು ಚುಕ್ಕೆ ಇಟ್ಟಿದ್ದೇನೆ. ಬೆಳಿಗ್ಗೆ ಚಳ್ಳಕೆರೆ ಬಸ್ಸಿನಲ್ಲಿ ಸೀಟು ಸಿಕ್ಕರೆ ಆ ಹಾಳೆ ತೆಗೆದು ನೋಡುವುದು.

12ನೇ ಅಧ್ಯಾಯದಲ್ಲಿ ಡಾರ್ಕಸ್ ಬಿದ್ದ. ಸ್ಪೀಡ್‌ರನ್‌ನಲ್ಲಿ ಪರವಾಗಿಲ್ಲ, ಮುಂದೆ ಹೋಗಬೇಕು. ಹೋದೆ. ಆದರೂ ಮನಸ್ಸಿಗೆ ಒಂಥರಾ ಆಯಿತು. ಹೆಂಡತಿಗಾಗಿ ಕೂಲಿ ಸೈನಿಕನಾದವನು ಅವನು.

ಮಂಗಳವಾರ

ಎಲ್ ಬಟನ್ ಕೈಕೊಟ್ಟಿತು. ಇಪ್ಪತ್ತು ವರ್ಷದ ಯಂತ್ರ. ಗಾಂಧಿ ವೃತ್ತದ ಹತ್ತಿರ ಮೊಬೈಲ್ ರಿಪೇರಿ ಮಾಡುವ ಹುಡುಗ ಬಿಚ್ಚಿ ಕ್ಲೀನ್ ಮಾಡಿಕೊಟ್ಟ. ದುಡ್ಡು ಬೇಡ ಅಂದ. "ಇಂಥದ್ದು ಬಿಚ್ಚಿದ್ದು ಇದೇ ಮೊದಲು ಅಣ್ಣಾ" ಅಂತ ಅವನಿಗೇ ಖುಷಿ.

ನಾಲ್ಕನೇ ವಾರ: 18 ನಿಮಿಷ 5 ಸೆಕೆಂಡ್

ಶೇಕಡಾ ಲೆಕ್ಕದ ಬಗ್ಗೆ ಬರೆಯಲೇಬೇಕು. ನನ್ನ ಆಟವನ್ನು ಜಾಸ್ತಿ ಬದಲಿಸಿದ್ದು ಇದು.

ಹೊಡೆಯುವ ಮುಂಚೆ ಪರದೆ ಮೇಲೆ ಏಟು ತಾಗುವ ಸಾಧ್ಯತೆ ತೋರಿಸುತ್ತದೆ. 70 ಅಂತ ಇದ್ದರೆ ನೂರಕ್ಕೆ 70 ಅಂದುಕೊಳ್ಳುತ್ತೇವೆ. ಹಾಗಲ್ಲ. ಆಟ 0ಯಿಂದ 99ರವರೆಗಿನ ಎರಡು ಸಂಖ್ಯೆ ತೆಗೆದು ಸರಾಸರಿ ಹಾಕುತ್ತದೆ. ಸರಾಸರಿ 70ಕ್ಕಿಂತ ಕಡಿಮೆ ಬಂದರೆ ಏಟು ತಾಗಿತು. ಎರಡು ಸಂಖ್ಯೆಯ ಸರಾಸರಿ ನಡುವಿನ ಕಡೆಗೇ ವಾಲುತ್ತದೆ. ಎರಡು ದಾಳ ಒಟ್ಟಿಗೆ ಹಾಕಿದರೆ 7 ಜಾಸ್ತಿ ಬೀಳುತ್ತದಲ್ಲ, ಹಾಗೆ. ನಾನೇ ಕೂತು ಎಣಿಸಿದೆ. ತೋರಿಸುವ 70 ನಿಜವಾಗಿ 82.3. ತೋರಿಸುವ 80 ನಿಜವಾಗಿ 92.2. 90 ಇದ್ದರೆ 98.1. ಕೆಳಗಡೆ ತಿರುವುಮುರುವು: ತೋರಿಸುವ 30 ನಿಜವಾಗಿ 18.3, 20 ಇದ್ದರೆ 8.2 ಮಾತ್ರ.

ಇದರ ಅರ್ಥ ಓಡುವವನಿಗೆ ದೊಡ್ಡದು. 80 ತೋರಿಸಿದಾಗ ನಾನು ಇಷ್ಟು ದಿನ ಇನ್ನೊಬ್ಬನನ್ನು ಬೆನ್ನಿಗೆ ತಂದು ನಿಲ್ಲಿಸುತ್ತಿದ್ದೆ. ಈಗ ನಿಲ್ಲಿಸುವುದಿಲ್ಲ. ಹನ್ನೆರಡು ಸಲಕ್ಕೆ ಒಂದು ಸಲ ತಪ್ಪಿದರೆ ತಪ್ಪಲಿ. ಹಾಗೇ ಶತ್ರುವಿನ ಏಟು 30 ಅಂತ ತೋರಿಸಿದರೆ ಮೊದಲು ಹಿಂದೆ ಸರಿಯುತ್ತಿದ್ದೆ. ಈಗ ಅಲ್ಲೇ ನಿಲ್ಲುತ್ತೇನೆ. ಕೊಡಲಿಯವನ ಎದುರು ಕತ್ತಿ, ಕತ್ತಿಯವನ ಎದುರು ಈಟಿ, ಈಟಿಯವನ ಎದುರು ಕೊಡಲಿ. ಈ ಜೋಡಿ ಸರಿಯಾಗಿ ಹಾಕಿದರೆ ನಮ್ಮ ಏಟಿಗೆ 15 ಕೂಡುತ್ತದೆ, ಅವರದ್ದರಲ್ಲಿ 15 ಕಳೆಯುತ್ತದೆ. 45 ಇದ್ದದ್ದು 30 ಆದರೆ ನಿಜವಾದ ಲೆಕ್ಕದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದ ಹಾಗೆ.

ಕ್ರಿಟಿಕಲ್ ಅನ್ನುವ ಭಾರಿ ಪೆಟ್ಟಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅದಕ್ಕೆ ಒಂದೇ ಸಂಖ್ಯೆ, ತೋರಿಸಿದ್ದೇ ನಿಜ. 13ನೇ ಅಧ್ಯಾಯದಲ್ಲಿ ಶತ್ರುಗಳ ಕಡೆ ಇರುವ ಗೈ ಅದಕ್ಕೇ ಭಯ ಹುಟ್ಟಿಸುತ್ತಾನೆ. ಅವನ ಕಿಲ್ಲಿಂಗ್ ಎಡ್ಜ್ ಕತ್ತಿಯೊಂದೇ ಕ್ರಿಟಿಕಲ್‌ಗೆ 30 ಕೂಡಿಸುತ್ತದೆ. ಬಿದ್ದರೆ ಪೆಟ್ಟು ಮೂರು ಪಟ್ಟು. ನಮ್ಮ ಕಡೆಯ ಮ್ಯಾಥ್ಯೂ ಹೋಗಿ ಮಾತಾಡಿಸಿದರೆ ಗೈ ನಮ್ಮ ಕಡೆ ಬರುತ್ತಾನೆ. ಆದರೆ ಆ ದಾರಿ ನನಗೆ ಸುತ್ತು. ಸದ್ಯ ಅವನ ಎದುರು ಮಾರ್ಕಸ್ ಈಟಿ ಹಿಡಿದೇ ನಿಲ್ಲುತ್ತಾನೆ. ಏಟು ತಾಗದಿದ್ದರೆ ಕ್ರಿಟಿಕಲ್ ಪ್ರಶ್ನೆಯೇ ಬರುವುದಿಲ್ಲ.

ಐದನೇ ಭಾನುವಾರ: 15 ನಿಮಿಷ 50 ಸೆಕೆಂಡ್, 19 ಟರ್ನ್

ಎಲಿವುಡ್‌ನನ್ನು ಹೊತ್ತುಕೊಂಡು ಹೋಗುವುದು ಕೊನೆಗೂ ಕೈಗೆ ಹತ್ತಿತು.

ಕೋಟೆ ಬಾಗಿಲು ವಶ ಮಾಡಿಕೊಳ್ಳಬೇಕಾದಾಗ ನಾಯಕನೇ ಹೋಗಿ ಅಲ್ಲಿ ನಿಲ್ಲಬೇಕು. ಮಾರ್ಕಸ್ ದಾರಿ ಬಿಡಿಸಿ ಮುಗಿಸಿದ್ದರೂ ಎಲಿವುಡ್ ಐದೈದು ಮನೆ ನಡೆದುಕೊಂಡು ಬರುತ್ತಿರುತ್ತಾನೆ. ಅದನ್ನು ನೋಡುತ್ತಾ ಕೂರುವುದೇ ಹಿಂಸೆ. ಆಟದಲ್ಲಿ ರೆಸ್ಕ್ಯೂ ಅಂತ ಇದೆ. ಪಕ್ಕದವನನ್ನು ಎತ್ತಿಕೊಳ್ಳುವುದು. ಯಾರು ಯಾರನ್ನು ಎತ್ತಬಹುದು ಅನ್ನುವುದು ಮೈಕಟ್ಟಿನ ಅಂಕದ ಮೇಲೆ. ಕುದುರೆ ಮೇಲಿನ ಗಂಡಸಾದರೆ 25ರಲ್ಲಿ ಅವನ ಮೈಕಟ್ಟು ಕಳೆಯಬೇಕು. ಮಾರ್ಕಸ್‌ನದು 11, ಅಂದರೆ 14ರವರೆಗೆ ಎತ್ತುತ್ತಾನೆ. ಎಲಿವುಡ್ 7. ಅವನ ಗೆಳೆಯ ಹೆಕ್ಟರ್ 13, ಅವನೂ ಆಗುತ್ತಾನೆ.

ಎತ್ತಿಕೊಂಡ ಮೇಲೂ ಕುದುರೆಯವನು ಉಳಿದ ಮನೆ ನಡೆಯಬಹುದು. ಗುಟ್ಟು ಇರುವುದು ಇಲ್ಲೇ. ಎಲಿವುಡ್ ಮೊದಲು ತನ್ನ ಐದು ಮನೆ ನಡೆಯಲಿ. ಹಿಂದೆ ಇದ್ದ ಮಾರ್ಕಸ್ ಐದು ಮನೆ ಬಂದು ಎತ್ತಿಕೊಂಡು ಇನ್ನೂ ಮೂರು ಮನೆ ಮುಂದೆ ಹೋಗಲಿ. ಮುಂದಿನ ಸರದಿಯಲ್ಲಿ ಎಂಟು ಮನೆ ಹೋಗಿ ಎದುರಿನ ಮನೆಯಲ್ಲಿ ಇಳಿಸಲಿ. ಅದರ ಮುಂದಿನ ಸರದಿ ಎಲಿವುಡ್ ಮತ್ತೆ ಐದು ನಡೆಯಲಿ. ಬಯಲು ಜಾಗವಾದರೆ ಮೂರು ಟರ್ನ್‌ಗೆ 21 ಮನೆ. ನಡೆದುಕೊಂಡು ಬಂದಿದ್ದರೆ 15. ಕಾಡು ಬಂದರೆ ಕುದುರೆ ನಿಧಾನ, ಆ ಲೆಕ್ಕ ಬೇರೆ.

ಒಂದು ತೊಂದರೆ ಇದೆ. ಹೊತ್ತಿರುವಾಗ ಮಾರ್ಕಸ್‌ನ ವೇಗವೂ ಕೌಶಲವೂ ಅರ್ಧ ಆಗುತ್ತದೆ. ಎದುರಿನವನ ವೇಗ 4 ಜಾಸ್ತಿ ಇದ್ದರೆ ಅವನು ಎರಡು ಸಲ ಹೊಡೆಯುತ್ತಾನೆ. ಗುರುವಾರ ಹೀಗೇ ಆಯಿತು. ಎಲಿವುಡ್‌ನನ್ನು ಹೊತ್ತುಕೊಂಡೇ ಶತ್ರುಗಳ ನಡುವೆ ನಿಂತು ಮಾರ್ಕಸ್ ಸತ್ತ. 12 ನಿಮಿಷದ ಒಳ್ಳೆಯ ಓಟ ಹೋಯಿತು. ಎ, ಬಿ, ಸ್ಟಾರ್ಟ್, ಸೆಲೆಕ್ಟ್ ನಾಲ್ಕೂ ಒಟ್ಟಿಗೆ ಒತ್ತಿ ಮತ್ತೆ ಮೊದಲಿಂದ. ಈಗ ಹೊರುವ ಕೆಲಸ ಇನ್ನೊಬ್ಬ ಕುದುರೆಯವನಾದ ಲೋವೆನ್‌ಗೆ ಕೊಟ್ಟಿದ್ದೇನೆ. ಅವನದು ಏಳು ಮನೆ, ಒಂದು ಕಡಿಮೆ. ಆದರೆ ಮಾರ್ಕಸ್ ಕೈ ಖಾಲಿ ಇರುತ್ತದೆ. ನನಗೆ ಇದೇ ಸರಿ ಅನ್ನಿಸುತ್ತದೆ.

ಆರನೇ ಶನಿವಾರ: 14 ನಿಮಿಷ 32 ಸೆಕೆಂಡ್, 18 ಟರ್ನ್

ಅದೃಷ್ಟದ ಸಂಖ್ಯೆಗಳನ್ನೇ ಬದಲಿಸುವ ದಾರಿಯೂ ಒಂದಿದೆ. ಅವು ಮೊದಲೇ ಸಾಲಾಗಿ ನಿಂತಿರುತ್ತವೆ. ಆಟ ನಿಲ್ಲಿಸಿ, ಯಂತ್ರ ಆಫ್ ಮಾಡಿ, ಮತ್ತೆ ಬಂದು ಅದೇ ಏಟು ಹೊಡೆದರೆ ಅದೇ ಫಲ. ತಪ್ಪಿದ್ದು ತಪ್ಪೇ. ಆದರೆ ಕಾಯಿ ನಡೆಸುವಾಗ ತೋರುವ ಬಾಣದ ಗುರುತನ್ನು ಅತ್ತಿತ್ತ ಎಳೆದಾಗ, ಒಂದೇ ದೂರದ ಎರಡು ದಾರಿ ಇದ್ದರೆ ಆಟ ಒಂದನ್ನು ಆರಿಸಲು ಆ ಸಾಲಿನಿಂದಲೇ ಸಂಖ್ಯೆ ಖರ್ಚು ಮಾಡುತ್ತದೆ. ಸಾಲು ಮುಂದೆ ಸರಿಯಿತು. ತಪ್ಪುತ್ತಿದ್ದ ಏಟು ಈಗ ತಾಗಬಹುದು.

ಮೂರು ರಾತ್ರಿ ಇದರಲ್ಲೇ ಕಳೆದೆ. ಬಾಣ ಎಳೆಯಲು ಹೋಗುವ ಹೊತ್ತು, ತಪ್ಪಿದ ಏಟಿನಿಂದ ಹೋಗುವ ಹೊತ್ತು ಎರಡನ್ನೂ ಅಳೆದು ನೋಡಿದೆ. ನನ್ನ ಮಟ್ಟಕ್ಕೆ ಒಂದೇ ಕಡೆ ಲಾಭ ಇದೆ: 13ನೇ ಅಧ್ಯಾಯದ ಕೊನೆಯಲ್ಲಿ ಬರುವ ಶತ್ರುಗಳ ನಾಯಕ. ಅವನನ್ನು ಒಂದು ಟರ್ನ್ ಮುಂಚೆ ಬೀಳಿಸಿದರೆ 40 ಸೆಕೆಂಡ್ ಉಳಿಯುತ್ತದೆ. ಅಲ್ಲಿ ಎರಡು ಸಲ ಬಾಣ ಎಳೆದು ಹೊಡೆಯುತ್ತೇನೆ. ಉಳಿದ ಕಡೆ ಬಿಟ್ಟಿದ್ದೇನೆ. ಯಾಕೆಂದರೆ ಅದಕ್ಕೂ ಮುಂಚೆ ಒಂದೇ ಒಂದು ನಡೆ ಬೇರೆಯಾದರೂ ಸಾಲು ಬೇರೆ, ಕಲಿತದ್ದು ಕೆಲಸಕ್ಕೆ ಬರುವುದಿಲ್ಲ.

ಇವತ್ತು ರಾತ್ರಿ 14:32 ಬಂದಾಗ ಅಕ್ಕನ ಮಗನಿಗೆ ಫೋನ್ ಮಾಡಿ ಹೇಳಿದೆ. "12ರಲ್ಲಿ ಎಷ್ಟು ಟರ್ನ್ ಮಾವ?" ಅಂತ ಕೇಳಿದ. ಏಳು ಅಂದೆ. "ಅದರಲ್ಲಿ ಎಷ್ಟು ಟರ್ನ್ ಕಾದೆ?" ಅಂದ. ವಿಡಿಯೊ ಹಾಕಿ ನೋಡಿದೆ. ನಾಲ್ಕನೇ ಟರ್ನ್‌ನಲ್ಲಿ ಲೋವೆನ್ ಸೇತುವೆಯ ಹತ್ತಿರ ಏನೂ ಮಾಡದೆ ನಿಂತಿದ್ದಾನೆ. ಗ್ರಾಫ್ ಹಾಳೆಯಲ್ಲಿ ಆ ಮನೆಗೆ ಸುತ್ತು ಹಾಕಿದ್ದೇನೆ. ಸೋಮವಾರ ಬಸ್ಸಿನಲ್ಲಿ ನೋಡಬೇಕು.