ಮಲೆನಾಡಿನಿಂದ ಜಪಾನಿಗೆ ಓದಲು: ಅಡಿಕೆ ಲೆಕ್ಕದಿಂದ ಕಸದ ಕ್ಯಾಲೆಂಡರ್‌ವರೆಗೆ

ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಹುಡುಗ ಹುಡುಗಿಯರು ಜಪಾನಿಗೆ ಓದಲು ಅರ್ಜಿ ಹಾಕಿದಾಗ ಮೊದಲು ತೊಡಕಾಗುವುದು ಅಪ್ಪನ ಅಡಿಕೆ ಲೆಕ್ಕ. ಜಪಾನಿ ಅಕ್ಷರ ಕಲಿಯುವುದು ಆಮೇಲಿನ ಮಾತು.

ಅಲ್ಲಿನ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಶುರು. ಭಾಷಾ ಶಾಲೆಗಳಲ್ಲಿ ಜುಲೈ, ಅಕ್ಟೋಬರ್, ಜನವರಿಯಲ್ಲೂ ಪ್ರವೇಶ ಇರುತ್ತದೆ. ಇಂಗ್ಲಿಷಿನಲ್ಲಿ ಕಲಿಸುವ ಎಷ್ಟೋ ಪದವಿ ಕೋರ್ಸುಗಳು ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತವೆ. ಆದರೂ ಹೆಚ್ಚಿನವರು ಹೋಗುವುದು ಏಪ್ರಿಲ್‌ಗೇ. ಅದಕ್ಕೆ ಬೇಕಾದ ಸಿಓಇ, ಅಂದರೆ ವೀಸಾಗೆ ಮೊದಲು ಜಪಾನಿನ ವಲಸೆ ಇಲಾಖೆ ಕೊಡುವ ಅರ್ಹತಾ ಪತ್ರ, ನಾವೇ ಅರ್ಜಿ ಹಾಕಿ ತರುವಂಥದ್ದಲ್ಲ. ಶಾಲೆಯೇ ನವೆಂಬರ್ ಹೊತ್ತಿಗೆ ಅರ್ಜಿ ಹಾಕುತ್ತದೆ, ಫಲಿತಾಂಶ ಸಾಮಾನ್ಯವಾಗಿ ಫೆಬ್ರವರಿ ಕೊನೆಗೆ. ಅಂದರೆ ಓದಿನ ಖರ್ಚು ಭರಿಸುವ ತಾಕತ್ತು ತೋರಿಸುವ ಮನೆಯ ಕಾಗದವೆಲ್ಲ ಅಕ್ಟೋಬರ್‌ನಲ್ಲಿ ಶಾಲೆಯ ಕೈಯಲ್ಲಿರಬೇಕು. ನಮ್ಮಲ್ಲಿ ಅಕ್ಟೋಬರ್ ಎಂದರೆ ಅಡಿಕೆ ಗೊನೆಯ ಕೊಯ್ಲು ಇನ್ನೂ ಶುರುವಾಗುವ ಹೊತ್ತು. ಹಿಂದಿನ ಫಸಲಿನ ದುಡ್ಡು ಬೋರ್ಡೋ ದ್ರಾವಣಕ್ಕೆ, ಆಳಿನ ಕೂಲಿಗೆ, ಸಂಘದ ಸಾಲಕ್ಕೆ ಹೋಗಿ, ಪಾಸ್‌ಬುಕ್ ವರ್ಷದಲ್ಲೇ ಅತಿ ಬಡವಾಗಿ ಕಾಣುವ ತಿಂಗಳದು.

ಈ ಹೊತ್ತಲ್ಲಿ ಹಲವರು ಮಾಡುವುದು ಒಂದೇ ಕೆಲಸ: ಮಾವನಿಂದಲೋ ಚಿಕ್ಕಪ್ಪನಿಂದಲೋ ಕೈಗಡ ತಂದು ಒಂದೇ ದಿನ ಖಾತೆಗೆ ಕಟ್ಟಿ, ಬ್ಯಾಲೆನ್ಸ್ ಸರ್ಟಿಫಿಕೇಟ್ ತೆಗೆಸುವುದು. ಅಲ್ಲಿನ ಅಧಿಕಾರಿ ನೋಡುವುದು ಮೊತ್ತವನ್ನಷ್ಟೇ ಅಲ್ಲ, ಆ ಮೊತ್ತ ಹೇಗೆ ಕೂಡಿತು ಎನ್ನುವುದನ್ನೂ. ದಿಢೀರನೆ ಬಂದು ಕೂತ ದುಡ್ಡು ಅನುಮಾನ ತರುತ್ತದೆ. ಅಡಿಕೆ ದುಡ್ಡೂ ವರ್ಷಕ್ಕೆ ಒಂದೆರಡು ಸಲ ಇಡಿಯಾಗಿಯೇ ಬರುವುದರಿಂದ ಸಾಚಾ ಆದಾಯವೂ ಅದೇ ಅನುಮಾನಕ್ಕೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ದಾರಿ ಇದೆ. ಹೋಗುವುದು ಖಚಿತವಾದ ವರ್ಷಕ್ಕಿಂತ ಒಂದು ಫಸಲು ಮೊದಲಿನಿಂದಲೇ ಮ್ಯಾಮ್ಕೋಸ್ (ಅಡಿಕೆ ಮಾರಾಟದ ಸಹಕಾರ ಸಂಘ) ಅಥವಾ ಮಂಡಿಯ ಮಾರಾಟದ ಬಿಲ್‌ಗಳನ್ನು ದಿನಾಂಕದ ಪ್ರಕಾರ ಎತ್ತಿಡಿ. ದುಡ್ಡನ್ನು ನಗದಾಗಿ ತರದೆ ಖಾತೆಗೇ ಹಾಕಿಸಿ. ಅದರಲ್ಲೊಂದು ಪಾಲನ್ನು ಖರ್ಚು ಭರಿಸುವವರ ಹೆಸರಲ್ಲೇ ಎಫ್‌ಡಿ ಮಾಡಿಸಿ. ಬಿಲ್ಲಿನ ಮೊತ್ತವೂ ಪಾಸ್‌ಬುಕ್ಕಿನ ಸಾಲೂ ಒಂದಕ್ಕೊಂದು ತಾಳೆಯಾದರೆ, ಜೊತೆಗೆ "ಇದು ವಾರ್ಷಿಕ ಬೆಳೆ, ಮಾರಾಟ ಇಂಥ ತಿಂಗಳಲ್ಲಿ" ಎಂದು ಅರ್ಧ ಪುಟದ ವಿವರಣೆ ಇಟ್ಟರೆ ಸಾಕು.

ಇನ್ನೊಂದು ಗುಂಡಿ ಆದಾಯ ಪ್ರಮಾಣಪತ್ರ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಅನೇಕರ ಮನೆಯಲ್ಲಿ ಐಟಿ ರಿಟರ್ನ್ಸ್ ಇರುವುದಿಲ್ಲ. ಆಗ ನಾಡಕಚೇರಿಯ ಪತ್ರವನ್ನೇ ಇಡುತ್ತಾರೆ. ಅದನ್ನು ಎಂದೋ ಸ್ಕಾಲರ್‌ಶಿಪ್‌ಗೋ ರೇಷನ್ ಕಾರ್ಡಿಗೋ ಮಾಡಿಸಿದ್ದರೆ ಮೊತ್ತ ಸಾವಿರಗಳಲ್ಲಿರುತ್ತದೆ, ಪಕ್ಕದ ಅಡಿಕೆ ಬಿಲ್ಲು ಲಕ್ಷಗಳಲ್ಲಿ. ಒಂದೇ ಫೈಲಿನಲ್ಲಿ ಎರಡು ಬಾಯಿ. ಹಳೆಯದನ್ನು ಇಡಬೇಡಿ, ನಿಜವಾದ ಆದಾಯಕ್ಕೆ ಹೊಸದಾಗಿ ಅರ್ಜಿ ಹಾಕಿ, ಅದರಿಂದ ರೇಷನ್ ಕಾರ್ಡಿನ ಬಣ್ಣ ಬದಲಾದರೆ ಆಗಲಿ. ಪಹಣಿಯನ್ನೂ ಈಗಲೇ ತೆಗೆದು ನೋಡಿ. ತೋಟ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆಯಾಗುವವರೆಗೆ ಅದು ಅಪ್ಪನ ಆಸ್ತಿ ಎಂದು ತೋರಿಸಲು ವಂಶವೃಕ್ಷ ಬೇಕಾಗುತ್ತದೆ. ಇವೆಲ್ಲ ಕನ್ನಡದಲ್ಲಿರುವ ಕಾಗದಗಳು. ಇಂಗ್ಲಿಷ್ ಅಥವಾ ಜಪಾನಿ ಅನುವಾದಕ್ಕೆ ಎರಡು ವಾರ ಬಿಟ್ಟುಕೊಳ್ಳಿ.

ಹೆಸರಿನ ತಂಟೆ ಮಲೆನಾಡಿನವರಿಗೆ ತುಸು ಹೆಚ್ಚೇ. ಅಂಕಪಟ್ಟಿಯಲ್ಲಿ ಊರಿನ ಮತ್ತು ಅಪ್ಪನ ಇನಿಶಿಯಲ್ಲು, ಆಧಾರ್‌ನಲ್ಲಿ "ಭಟ್" ಅಥವಾ "ಗೌಡ", ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಜಪಾನಿನಲ್ಲಿ ಸಿಗುವ ನಿವಾಸ ಕಾರ್ಡು, ವಿಮೆ, ಬ್ಯಾಂಕ್ ಖಾತೆ ಎಲ್ಲವೂ ಪಾಸ್‌ಪೋರ್ಟಿನ ಹೆಸರನ್ನೇ ಹಿಡಿದು ನಡೆಯುತ್ತವೆ. ಆದ್ದರಿಂದ ಶಿವಮೊಗ್ಗದ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗುವ ಮೊದಲೇ ಇನಿಶಿಯಲ್ಲುಗಳನ್ನು ಬಿಡಿಸಿ, ಹೆಸರು ಎಂದರೆ ಇದು, ಸರ್‌ನೇಮ್ ಎಂದರೆ ಇದು ಎಂದು ತೀರ್ಮಾನಿಸಿಕೊಳ್ಳಿ. ಸಿಓಇ ಬಂದ ಮೇಲೆ ಅದರ ಆಯಸ್ಸು 3 ತಿಂಗಳು. ಕರ್ನಾಟಕದವರ ವೀಸಾ ಅರ್ಜಿ ಬೆಂಗಳೂರಿನಲ್ಲೇ ಮುಗಿಯುತ್ತದೆ.

ಖರ್ಚಿನ ಅಂದಾಜಿಗೆ: ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಪ್ರಮಾಣಿತ ಶುಲ್ಕ ವರ್ಷಕ್ಕೆ 5,35,800 ಯೆನ್, ಸೇರುವಾಗ ಒಮ್ಮೆ ಕಟ್ಟುವ ಪ್ರವೇಶ ಶುಲ್ಕ 2,82,000 ಯೆನ್. ಕೆಲವು ವಿಶ್ವವಿದ್ಯಾಲಯಗಳು ಇದಕ್ಕಿಂತ ಹೆಚ್ಚು ಮಾಡಿವೆ. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ ಸಿಕ್ಕರೆ ಶುಲ್ಕವಿಲ್ಲ, ಪದವಿ ವಿದ್ಯಾರ್ಥಿಗೆ ತಿಂಗಳಿಗೆ 1,17,000 ಯೆನ್. ಪೈಪೋಟಿ ಜೋರು, ಆದರೆ ಅರ್ಜಿಗೆ ಏಜೆಂಟ್ ಬೇಡ. ಬೇಕು ಎಂದು ಯಾರಾದರೂ ಹೇಳಿದರೆ ಅಲ್ಲೇ ಎದ್ದು ಬನ್ನಿ.

ಲಗೇಜಿನ ವಿಷಯ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನವಿದೆ. ಆದರೂ ಅಂತರರಾಷ್ಟ್ರೀಯ ಟಿಕೆಟ್ಟಿಗೆ ಜೋಡಿಯಾಗಿ ಅದನ್ನು ನಂಬಿಕೊಳ್ಳುವುದು ಬೇಡ. ಮಳೆ, ಮಂಜಿಗೆ ರದ್ದಾದರೆ ಬೇರೆ ಟಿಕೆಟ್ಟಿನ ವಿಮಾನ ನಿಮಗಾಗಿ ಕಾಯುವುದಿಲ್ಲ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆಜಿ ಮಾತ್ರ, ಜಪಾನಿನ ವಿಮಾನದಲ್ಲಿ ಹೆಚ್ಚಾಗಿ 23 ಕೆಜಿಯ ಎರಡು ಪೆಟ್ಟಿಗೆ. ಹಿಂದಿನ ರಾತ್ರಿಯ ರೈಲೋ ಬಸ್ಸೋ ಸಾಕು. ಬೆಂಗಳೂರಿನಿಂದ ಟೋಕಿಯೋದ ನರಿತಾ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸಿನ ನೇರ ವಿಮಾನವೂ ಇದೆ.

ಅಮ್ಮಂದಿರು ತುಂಬುವುದರಲ್ಲಿ ಮೊದಲು ಹೊರಗೆ ತೆಗೆಯಬೇಕಾದ್ದು ಒಣ ಕೊಬ್ಬರಿ ಗಿಟುಕು. ಎಣ್ಣೆಯಂಶದಿಂದ ಬೆಂಕಿ ಹತ್ತಬಹುದೆಂದು ಅದನ್ನು ವಿಮಾನದಲ್ಲಿ ಬಿಡುವುದಿಲ್ಲ. ಹಸಿ ಕರಿಬೇವು, ನಿಂಬೆ, ಮಾವಿನಕಾಯಿ, ಯಾವ ಹಸಿ ಸೊಪ್ಪು ಹಣ್ಣೂ ಬೇಡ. ಸಸ್ಯ ಕ್ವಾರಂಟೈನಿನಲ್ಲಿ ಕಿತ್ತುಕೊಳ್ಳುತ್ತಾರೆ. ಮಾಂಸದ ಪದಾರ್ಥ ಒಂದು ತುಂಡೂ ಬೇಡ. ಉಪ್ಪಿನಲ್ಲಿ ಹಾಕಿದ ಅಪ್ಪೆಮಿಡಿಗೆ ತೊಂದರೆಯಿಲ್ಲ. ಎಣ್ಣೆ ಸೋರದಂತೆ ಬಿಗಿ ಮುಚ್ಚಳದ ಡಬ್ಬಿ, ಅದರ ಮೇಲೆ ಎರಡು ಪ್ಲಾಸ್ಟಿಕ್ ಚೀಲ, ಇಡುವುದು ಚೆಕ್-ಇನ್ ಪೆಟ್ಟಿಗೆಯಲ್ಲೇ. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಒಯ್ಯಬಹುದು. ಔಷಧಿಯಲ್ಲಿ ಎಚ್ಚರ: ಡಾಕ್ಟರ್ ಚೀಟಿಯ ಮಾತ್ರೆ 1 ತಿಂಗಳಿಗಾಗುವಷ್ಟು ಮಾತ್ರ, ಹೆಚ್ಚಿಗೆ ಬೇಕಾದರೆ ಮೊದಲೇ ಆನ್‌ಲೈನಿನಲ್ಲಿ ಆಮದು ಅನುಮತಿ. ಸ್ಯೂಡೋಎಫೆಡ್ರಿನ್ ಅಥವಾ ಕೋಡೀನ್ ಇರುವ ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ ಮನೆಯಲ್ಲೇ ಬಿಡಿ. ಅಲ್ಲಿ ಅದು ಪೊಲೀಸ್ ವಿಷಯವಾಗಬಹುದು.

ಮಿಕ್ಸಿಯನ್ನು ಹೊತ್ತೊಯ್ಯುವುದು ದಂಡ. ಅಲ್ಲಿನ ವಿದ್ಯುತ್ತು 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಕಾಲು. ನಮ್ಮ 230 ವೋಲ್ಟ್ ಮೋಟಾರು ತಿಣುಕುತ್ತದೆಯೇ ಹೊರತು ರುಬ್ಬುವುದಿಲ್ಲ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರುಗಳಿಗೆ ಪಿನ್ ಬದಲಿಸುವ ಅಡಾಪ್ಟರ್ ಇದ್ದರಾಯಿತು. ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್ ತಳದ ಸ್ಟೀಲಿನದು. ಹಾಸ್ಟೆಲುಗಳ ಇಂಡಕ್ಷನ್ ಒಲೆಗೆ ಅಲ್ಯೂಮಿನಿಯಂ ಕಾಣುವುದೇ ಇಲ್ಲ.

ನರಿತಾ, ಹನೇದಾ, ಕನ್ಸಾಯ್‌ನಂಥ ದೊಡ್ಡ ನಿಲ್ದಾಣದಲ್ಲಿ ಇಳಿದರೆ ನಿವಾಸ ಕಾರ್ಡು ಅಲ್ಲೇ ಕೈಗೆ ಬರುತ್ತದೆ. ಅದೇ ಕೌಂಟರಿನಲ್ಲಿ ಅರೆಕಾಲಿಕ ಕೆಲಸದ ಅನುಮತಿಯ ಫಾರ್ಮನ್ನೂ ಕೊಟ್ಟುಬಿಡಿ. ಅಲ್ಲಿ ಬಿಟ್ಟರೆ ಆಮೇಲೆ ವಲಸೆ ಕಚೇರಿಯ ಸರದಿಯಲ್ಲಿ ನಿಂತು ವಾರಗಟ್ಟಲೆ ಕಾಯಬೇಕು. ಮನೆ ಗೊತ್ತಾದ 14 ದಿನದೊಳಗೆ ಪುರಸಭೆಗೆ ಹೋಗಿ ವಿಳಾಸ ನೋಂದಾಯಿಸಿ. ಅಂದೇ ರಾಷ್ಟ್ರೀಯ ಆರೋಗ್ಯ ವಿಮೆ ಮಾಡಿಸಿದರೆ ಆಸ್ಪತ್ರೆ ಖರ್ಚಿನಲ್ಲಿ ನಿಮ್ಮ ಪಾಲು 30%. 20 ವರ್ಷ ತುಂಬಿದವರಿಗೆ ಪಿಂಚಣಿ ಕಂತಿನ ಚೀಟಿ ಮನೆಗೆ ಬರುತ್ತದೆ. ನೋಡಿ ಹೆದರಬೇಡಿ, ವಿದ್ಯಾರ್ಥಿಗಳಿಗೆ ಕಂತು ಮುಂದೂಡುವ ಅರ್ಜಿ ಇದೆ, ಅದನ್ನೂ ಅಲ್ಲೇ ಕೇಳಿ. ಬಂದು 6 ತಿಂಗಳಾಗುವವರೆಗೆ ಅನೇಕ ಬ್ಯಾಂಕುಗಳು ಖಾತೆ ತೆರೆಯಲು ಹಿಂದೆಮುಂದೆ ನೋಡುತ್ತವೆ, ಅದಕ್ಕೇ ಹೆಚ್ಚಿನ ವಿದ್ಯಾರ್ಥಿಗಳು ಮೊದಲು ಹೋಗುವುದು ಅಂಚೆ ಬ್ಯಾಂಕ್ ಯೂಚೋಗೆ.

ಊರಿನ ಸಿಮ್ ಸಾಯಲು ಬಿಡಬೇಡಿ. ಇಲ್ಲಿನ ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹೊರಡುವ ಮೊದಲು ರೋಮಿಂಗ್ ಹಾಕಿಸಿ, ರೀಚಾರ್ಜ್ ಜವಾಬ್ದಾರಿಯನ್ನು ಮನೆಯಲ್ಲಿ ಒಬ್ಬರಿಗೆ ಒಪ್ಪಿಸಿ.

ಕೆಲಸಕ್ಕೆ ವಾರಕ್ಕೆ 28 ಗಂಟೆಯ ಮಿತಿ. ಇಲ್ಲಿ ಹಲವರು ತಪ್ಪು ಲೆಕ್ಕ ಹಾಕುತ್ತಾರೆ: ಸೋಮವಾರದಿಂದ ಭಾನುವಾರ ಎಂದಲ್ಲ, ಯಾವ ದಿನದಿಂದ ಎಣಿಸಿದರೂ ಮುಂದಿನ 7 ದಿನದಲ್ಲಿ 28 ದಾಟಬಾರದು. ಎರಡು ಅಂಗಡಿಯಲ್ಲಿ ದುಡಿದರೆ ಎರಡೂ ಕೂಡಿ. ಉದ್ದದ ರಜೆಯಲ್ಲಿ ದಿನಕ್ಕೆ 8 ಗಂಟೆ. 2025ರ ಅಕ್ಟೋಬರ್‌ನಿಂದ ಟೋಕಿಯೋದ ಕನಿಷ್ಠ ಕೂಲಿ ಗಂಟೆಗೆ 1,226 ಯೆನ್, ಅಂದರೆ ಪೂರ್ತಿ ದುಡಿದರೂ ವಾರಕ್ಕೆ 34,328. ಇದರಲ್ಲಿ ಬಾಡಿಗೆ, ಊಟ ನಡೆದೀತು. ಟೋಕಿಯೋದಲ್ಲಿ ಶುಲ್ಕವೂ ಇದರಲ್ಲೇ ಹುಟ್ಟುತ್ತದೆ ಎನ್ನುವ ಏಜೆಂಟನ ಮಾತು ಸುಳ್ಳು. ಮಿತಿ ಮೀರಿದ್ದು ವೀಸಾ ನವೀಕರಣದ ಹೊತ್ತಿಗೆ ತೆರಿಗೆ ಕಾಗದದಲ್ಲಿ ಸಿಕ್ಕಿಬೀಳುತ್ತದೆ.

ಊಟದಲ್ಲಿ ಸಸ್ಯಾಹಾರಿಗಳಿಗೆ ನಿಜವಾದ ಶತ್ರು ಕಣ್ಣಿಗೆ ಕಾಣುವ ಮಾಂಸವಲ್ಲ, ದಾಶಿ. ಒಣಗಿಸಿದ ಬೊನಿಟೊ ಮೀನಿನಿಂದ ತೆಗೆದ ಈ ತಿಳಿಸಾರು ಮಿಸೊ ಸೂಪಿನಲ್ಲಿ, ಸೋಬಾ ಶಾವಿಗೆಯ ಸಾರಿನಲ್ಲಿ, ಬೇಯಿಸಿದ ತರಕಾರಿಯಲ್ಲೂ ಇರುತ್ತದೆ. ಜಪಾನಿ ಕರ್ರಿ ಮಾಡಲು ಅಂಗಡಿಯಲ್ಲಿ ಸಿಗುವ ಮಸಾಲೆ ಗಟ್ಟಿಗಳಲ್ಲಿ ದನ ಅಥವಾ ಹಂದಿಯ ಕೊಬ್ಬು ಸಾಮಾನ್ಯ. ಪೊಟ್ಟಣದ ಮೇಲಿನ ಅಲರ್ಜಿ ಪಟ್ಟಿ ನೋಡಿ ಸಮಾಧಾನಪಡಬೇಡಿ. ಮೊಟ್ಟೆ, ಹಾಲು, ಸೀಗಡಿ ಕಡ್ಡಾಯವಾಗಿ ಬರೆಯುತ್ತಾರೆ, ಮೀನಿಗೆ ಆ ಕಡ್ಡಾಯವಿಲ್ಲ. ಪದಾರ್ಥಗಳ ಪಟ್ಟಿಗೇ ಮೊಬೈಲ್ ಹಿಡಿದು ಅನುವಾದ ಮಾಡಿಸಿ. ಟೋಕಿಯೋದ ನಿಶಿ-ಕಸಾಯ್‌ನಲ್ಲಿ ಭಾರತೀಯ ಅಂಗಡಿಗಳಿವೆ, ಶಿನ್-ಓಕುಬೊದ ಹಲಾಲ್ ಅಂಗಡಿಗಳಲ್ಲಿ ಬೇಳೆ, ಹುಣಸೆ, ಸಾಸಿವೆ ಸಿಗುತ್ತವೆ. ಜಪಾನಿ ಅಕ್ಕಿ ಅಂಟು. ಅದರ ದೋಸೆ ಕಾವಲಿಗೆ ಕಚ್ಚಿ ರಬ್ಬರಾಗುತ್ತದೆ. 2025ರಲ್ಲಿ ಅದರ 5 ಕೆಜಿ ಚೀಲದ ಬೆಲೆ 4,000 ಯೆನ್ ದಾಟಿತ್ತು, ಹಾಗಾಗಿ ದೋಸೆಗೆ ಬಾಸ್ಮತಿಯೇ ವಾಸಿ. ಚಳಿಗಾಲದಲ್ಲಿ ಹಿಟ್ಟು ಹುಳಿ ಬರುವುದಿಲ್ಲ. ಆಗುಂಬೆ ಮಳೆಗಾಲದಲ್ಲಿ ಮಾಡುವಂತೆ ಹಿಟ್ಟಿನ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕಂಬಳಿ ಸುತ್ತಿ. ಒಗ್ಗರಣೆಗೆ ಮೊದಲು ಫ್ಯಾನ್ ಹಾಕಿ. ಮೆಣಸಿನ ಘಾಟು ಪಕ್ಕದ ಮನೆಗೆ ಹೋದರೆ ದೂರು ನಿಮ್ಮ ಹತ್ತಿರ ಬರುವುದಿಲ್ಲ, ನೇರ ಮನೆ ನಿರ್ವಾಹಕರ ಹತ್ತಿರ ಹೋಗುತ್ತದೆ.

ಕಸವೂ ಹಾಗೆಯೇ. ಪುರಸಭೆಯಲ್ಲಿ ಕೊಡುವ ಕ್ಯಾಲೆಂಡರನ್ನು ಫ್ರಿಜ್ಜಿಗೆ ಅಂಟಿಸಿ. ಸುಡುವ ಕಸ, ಪ್ಲಾಸ್ಟಿಕ್, ಬಾಟಲಿ-ಡಬ್ಬಿ ಒಂದೊಂದಕ್ಕೂ ಬೇರೆ ದಿನ, ಕೆಲವು ಊರಲ್ಲಿ ಅದಕ್ಕೆಂದೇ ಮಾರುವ ಚೀಲ. ಹೊರಗಿಡುವುದು ಆ ದಿನ ಬೆಳಿಗ್ಗೆಯೇ, ಹಿಂದಿನ ರಾತ್ರಿಯಲ್ಲ. ರಾತ್ರಿ ಇಟ್ಟರೆ ಕಾಗೆ ಹರಡುತ್ತದೆ. ತಪ್ಪು ಚೀಲವನ್ನು ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ಬಾಡಿಗೆ ಮನೆಯ ಮುಂಗಡದಲ್ಲಿ ರೇಕಿನ್ ಎಂಬ ಭಾಗ ವಾಪಸು ಬರುವುದಿಲ್ಲ. ಗ್ಯಾರಂಟಿ ಕಂಪನಿ, ದಲ್ಲಾಳಿ ಸೇರಿ ಮೊದಲ ದಿನವೇ ನಾಲ್ಕೈದು ತಿಂಗಳ ಬಾಡಿಗೆ ಹೋಗಬಹುದು. ಅದಕ್ಕೇ ಮೊದಲ ವರ್ಷ ಹಾಸ್ಟೆಲೇ ಸರಿ.

ಸೈಕಲ್ ಕೊಂಡರೆ ಕಳವು ತಡೆಯ ನೋಂದಣಿ ಕಡ್ಡಾಯ. ಮೊಬೈಲ್ ಹಿಡಿದು ತುಳಿದರೆ 2024ರ ನವೆಂಬರ್‌ನಿಂದ 1 ಲಕ್ಷ ಯೆನ್‌ವರೆಗೆ ದಂಡ, ಅಥವಾ 6 ತಿಂಗಳವರೆಗೆ ಜೈಲು.

ರೈಲಿನ ಓಡಾಟಕ್ಕೆ ಸುಯಿಕಾ ಅಥವಾ ಇಕೋಕಾ ಕಾರ್ಡು. ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಮೊಬೈಲ್ ಸುಯಿಕಾ ಸಾಮಾನ್ಯವಾಗಿ ನಡೆಯುವುದಿಲ್ಲ, ಐಫೋನಿನಲ್ಲಿ ನಡೆಯುತ್ತದೆ. ಇಲ್ಲಿನ ಟ್ರಾವೆಲ್ ಏಜೆಂಟರು ಹೊರಡುವಾಗಲೇ ಜೆಆರ್ (ಜಪಾನ್ ರೈಲ್ವೆ) ಪಾಸ್ ಮಾರಲು ನೋಡುತ್ತಾರೆ. ಅದು ಪ್ರವಾಸಿ ವೀಸಾದವರಿಗೆ ಮಾತ್ರ. ವಿದ್ಯಾರ್ಥಿ ವೀಸಾದವರಿಗೆ ಚಲಾವಣೆಯಿಲ್ಲ. ಅಪ್ಪ ಅಮ್ಮ ನೋಡಲು ಬಂದಾಗ ಅವರು ಕೊಳ್ಳಬಹುದು. ವಿದ್ಯಾರ್ಥಿಗೆ ಇರುವುದು ಗಾಕುವರಿ: ಕಾಲೇಜಿನಿಂದ ಪತ್ರ ತಂದರೆ ಜೆಆರ್‌ನಲ್ಲಿ 100 ಕಿಮೀ ಮೀರಿದ ಪ್ರಯಾಣಕ್ಕೆ 20% ರಿಯಾಯಿತಿ. ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲೂ ಮೂಲ ದರಕ್ಕಷ್ಟೇ ಇದು ಅನ್ವಯ, ವೇಗದ ಹೆಚ್ಚುವರಿ ದರಕ್ಕಿಲ್ಲ. ಭಾಷಾ ಶಾಲೆಯವರಿಗೆ ಹೆಚ್ಚಾಗಿ ಸಿಗುವುದಿಲ್ಲ, ಶಾಲೆಯಲ್ಲಿ ಕೇಳಿ ನೋಡಿ. ರಜೆಯ ದಿನಗಳಲ್ಲಿ ಸೆಯಿಶುನ್ 18 ಟಿಕೆಟ್ ಯಾರಿಗಾದರೂ ಸಿಗುತ್ತದೆ: 3 ದಿನಕ್ಕೆ 10,000 ಯೆನ್, 5 ದಿನಕ್ಕೆ 12,050. 2024ರ ಚಳಿಗಾಲದಿಂದ ದಿನಗಳು ಒಂದರ ಹಿಂದೊಂದು ಬರಬೇಕು, ಇನ್ನೊಬ್ಬರೊಂದಿಗೆ ಹಂಚುವಂತಿಲ್ಲ. ಲೋಕಲ್ ಮತ್ತು ರಾಪಿಡ್ ರೈಲು ಮಾತ್ರ. ಟೋಕಿಯೋದಿಂದ ಕ್ಯೋತೋಗೆ ಹಲವು ಕಡೆ ರೈಲು ಬದಲಿಸಿ ಒಂಬತ್ತು ಗಂಟೆ ಹೊತ್ತು ಬೇಕು. ಜೋಗಕ್ಕೆ ಹೋಗುವ ಬಸ್ಸಿನಲ್ಲಿ ಬೆಳೆದವರಿಗೆ ಅದೇನು ಕಷ್ಟವಲ್ಲ.

ಊರಿಗೆ ಬರುವುದಾದರೆ ದಸರಾ, ದೀಪಾವಳಿಯ ಆಸೆ ಬಿಡಿ, ಅಲ್ಲಿ ರಜೆಯಿಲ್ಲ. ವಿಶ್ವವಿದ್ಯಾಲಯದ ಉದ್ದದ ರಜೆ ಆಗಸ್ಟ್-ಸೆಪ್ಟೆಂಬರ್ ಮತ್ತು ಫೆಬ್ರವರಿ-ಮಾರ್ಚ್. ಮೂರು ವರ್ಷಕ್ಕೊಮ್ಮೆ ಫೆಬ್ರವರಿ ಸುಮಾರಿಗೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ ಸಿಕ್ಕರೆ ಸಿಕ್ಕೀತು. ಜಪಾನ್ ಬಿಡುವಾಗ ನಿಲ್ದಾಣದಲ್ಲಿ ಕೊಡುವ ಸಣ್ಣ ಫಾರ್ಮಿನಲ್ಲಿ "ವಿಶೇಷ ಮರುಪ್ರವೇಶ" ಎಂಬ ಚೌಕಕ್ಕೆ ಗುರುತು ಹಾಕಿ, ನಿವಾಸ ಕಾರ್ಡನ್ನೂ ತೋರಿಸಿ. ಹಾಕಿದರೆ 1 ವರ್ಷದೊಳಗೆ ವೀಸಾ ಇನ್ನೂ ಇರುವಷ್ಟು ದಿನ ಹಾಗೇ ವಾಪಸು ಹೋಗಬಹುದು. ಮರೆತರೆ ವಿದ್ಯಾರ್ಥಿ ಸ್ಥಾನಮಾನವೇ ರದ್ದು. ಮತ್ತೆ ಸಿಓಇಯಿಂದ ಶುರು, ಅಂದರೆ ಮತ್ತೆ ಅಡಿಕೆ ಬಿಲ್ಲು, ಪಹಣಿ, ನಾಡಕಚೇರಿ.